ನಾಲ್ಕು ನಿಮಿಷ ಆರು ಸೆಕೆಂಡ್

ಕೈಲ್ ಪೊಳ್ದ್, ಅಂದರೆ ಕೊಡಗಿನ ಆಯುಧಪೂಜೆ ಹಬ್ಬ, ಹತ್ತಿರ ಬಂದರೆ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ. ಹತ್ತು ಹನ್ನೆರಡು ವರ್ಷ ಆಗಿರಬೇಕು. ಇಷ್ಟು ದಿನ ಯಾರಿಗೂ ಸರಿಯಾಗಿ ಹೇಳಿರಲಿಲ್ಲ.

ಆಗ ನಾನು ವಿರಾಜಪೇಟೆಯ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುತ್ತಿದ್ದೆ. ಬೆಂಗಳೂರಿನ ಮಕ್ಕಳು ಪೆನ್‌ಡ್ರೈವ್ ಕೇಳುತ್ತಿದ್ದರು. ಊರ ಮನೆಗೆ ಮಾತ್ರ ಡಿವಿಡಿಯೇ ಬೇಕಿತ್ತು. ನಮ್ಮ ಓನರ್ ಹೊಸದಾಗಿ ಎರಡು ಕ್ಯಾನನ್ 600ಡಿ ತಂದಿದ್ದರು. ಅಂಗಡಿ ಮುಂದೆ ‘ಸಿನಿಮಾ ಲುಕ್ ಮದುವೆ ವಿಡಿಯೋ’ ಅಂತ ಫ್ಲೆಕ್ಸ್ ಹಾಕಿಸಿದ್ದರು. ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಎಷ್ಟು ಚಿತ್ರ, ತೆಗೆಯಬೇಕು ಅಂತ ಆ ಕ್ಯಾಮೆರಾದ ಮೆನುವಿನಲ್ಲಿ 25, 24 ಎರಡೂ ಪಕ್ಕಪಕ್ಕದಲ್ಲೇ ಇರುತ್ತವೆ. ಸಿನಿಮಾ ಅಂದರೆ 24 ಅಲ್ವಾ ಅಂತ ನಮ್ಮ ಹುಡುಗರು ಎರಡು ಬಾಡಿಯನ್ನೂ 24ಕ್ಕೆ ಇಟ್ಟರು. ನನ್ನನ್ನು ಯಾರೂ ಕೇಳಲಿಲ್ಲ. ಕಾರ್ಡ್ ಕಾಪಿ ಮಾಡುವಾಗ ನಾನೂ ನೋಡಲಿಲ್ಲ.

ಮದುವೆ ಮೇ ತಿಂಗಳಲ್ಲಿ. ವಾಲಗ, ಬಾಳೆ ಕಡಿಯೋದು, ಗಂಗಾಪೂಜೆ, ಎಲ್ಲ ಚೆನ್ನಾಗಿ ಬಂದಿತ್ತು. ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ದುಡಿಕೊಟ್ಟ್ ಪಾಟ್, ದುಡಿ ಅನ್ನುವ ಪುಟ್ಟ ಚರ್ಮವಾದ್ಯ ಬಾರಿಸುತ್ತಾ ಹೇಳುವ ಕೊಡವರ ಹಾಡು. ನಾಲ್ಕು ಜನ ಹಿರಿಯರು ದುಡಿ ಹಿಡಿದು ಹಾಡಿದ್ದರು. ಕ್ಯಾಮೆರಾದ ಮೈಕ್ ನಂಬಿಕೆಗೆ ಬರಲ್ಲ ಅಂತ ನಾನೇ ಒಂದು ಜೂಮ್ ರೆಕಾರ್ಡರನ್ನು ಅವರ ಎದುರಿಗಿದ್ದ ಸ್ಟೂಲಿನ ಮೇಲೆ ಇಟ್ಟಿದ್ದೆ. ದುಡಿಯ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಆ ನಾಲ್ವರಲ್ಲಿ ಒಬ್ಬರು ಮದುಮಗನ ಅಜ್ಜ. ಅವರ ಪಕ್ಕದಲ್ಲಿ ಕೂತು ಹಾಡಿದವರು ಅವರ ಹಳೇ ಜೊತೆಗಾರ. ನಲವತ್ತು ವರ್ಷ ಇಬ್ಬರೂ ಜೊತೆಯಲ್ಲೇ ಹಾಡಿದವರಂತೆ. ಆ ಜೊತೆಗಾರ ಜುಲೈ ಮಳೆಯಲ್ಲಿ ತೀರಿಹೋದರು.

ಆ ಸುದ್ದಿ ಬಂದ ಮೇಲೆ ಮನೆಯವರು ಓನರಿಗೆ ಫೋನ್ ಮಾಡಿದರು. ಕೈಲ್ ಪೊಳ್ದ್‌ಗೆ ಎಲ್ಲರೂ ಐನ್‌ಮನೆಗೆ, ಅಂದರೆ ಕುಟುಂಬದ ಮೂಲ ಮನೆಗೆ, ಬರುತ್ತಾರೆ, ಅಷ್ಟರಲ್ಲಿ ಡಿವಿಡಿ ಬೇಕೇ ಬೇಕು ಅಂದರು. ಓನರ್ ಆಯ್ತು ಅಂದುಬಿಟ್ಟರು. ಹಬ್ಬ ಸೆಪ್ಟೆಂಬರ್ ಮೂರಕ್ಕೆ. ಆಗಸ್ಟ್ ಕೊನೆಯಲ್ಲಿ ಕೊಡಗಿನ ಕರೆಂಟ್ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ವಿಡಿಯೋವನ್ನು ಡಿವಿಡಿಗೆ ಹಿಡಿಯುವ ಹಾಗೆ ಕುಗ್ಗಿಸುವ ಟೂ ಪಾಸ್ ಎನ್‌ಕೋಡ್‌ಗೆ ಐದು ಗಂಟೆ ಬೇಕು. ನಮ್ಮ ಯುಪಿಎಸ್ ಬ್ಯಾಟರಿ ಇಪ್ಪತ್ತು ನಿಮಿಷ ಬರುತ್ತಿತ್ತು. ಹೊಸ ಬ್ಯಾಟರಿ ಹಾಕಿಸಿ ಅಂತ ಎರಡು ಮಳೆಗಾಲದಿಂದ ಕೇಳುತ್ತಿದ್ದೆ.

ಸೆಪ್ಟೆಂಬರ್ ಒಂದರ ರಾತ್ರಿ ಮೊದಲ ಡಿಸ್ಕ್ ಬರ್ನ್ ಆಯ್ತು. ಸ್ಟುಡಿಯೋದ ಹಳೇ ಟಿವಿಗೆ ಹಾಕಿದೆ. ಮುಖಗಳು ಚೆನ್ನಾಗಿದ್ದವು, ಬಣ್ಣ ಚೆನ್ನಾಗಿತ್ತು. ಗಂಗಾಪೂಜೆ ಬಂತು. ಮದುಮಗಳು ಬಿಂದಿಗೆ ಹೊತ್ತು ಬರುತ್ತಾಳೆ, ಗಂಡಿನ ಕಡೆಯವರು ಎದುರಿಗೆ ಕುಣಿದು ದಾರಿ ಕಟ್ಟುತ್ತಾರೆ. ಕ್ಯಾಮೆರಾ ಅವರ ಸುತ್ತ ನಿಧಾನಕ್ಕೆ ತಿರುಗುತ್ತದೆ. ಅಲ್ಲಿ ಚಿತ್ರ ಎಡವಿತು. ಸೆಕೆಂಡಿಗೊಂದು ಸಲ, ಗಡಿಯಾರ ಇಟ್ಟ ಹಾಗೆ, ಟಕ್ ಅಂತ ನಿಂತು ಮುಂದೆ ಹೋಗುತ್ತಿತ್ತು.

ಆಗ ಫೈಲ್ ಪ್ರಾಪರ್ಟೀಸ್ ತೆಗೆದೆ. 23.976. ಕ್ಯಾಮೆರಾ 24 ಅನ್ನುವುದು ಇದನ್ನೇ. ನಾನು ಕೊಟ್ಟದ್ದು ನಮ್ಮ ದೇಶದ ಟಿವಿ ಪದ್ಧತಿಯ ಪಾಲ್ ಡಿವಿಡಿ, 25. ಕೊರತೆ ಬಿದ್ದ ಒಂದು ಫ್ರೇಮನ್ನು ತುಂಬಿಸಲು ಸಾಫ್ಟ್‌ವೇರ್ ಪ್ರತಿ ಸೆಕೆಂಡಿಗೂ ಒಂದು ಫ್ರೇಮನ್ನು ಎರಡು ಸಲ ಹಾಕಿತ್ತು. ಮಾತಾಡುವ ಮುಖದಲ್ಲಿ ಅದು ಕಾಣುವುದಿಲ್ಲ. ಕುಣಿಯುವ ಕಾಲಿನಲ್ಲಿ, ತಿರುಗುವ ಕ್ಯಾಮೆರಾದಲ್ಲಿ ಕಾಣುತ್ತದೆ. ಕೊಡವ ಮದುವೆಯಲ್ಲಿ ಕುಣಿತವೇ ಜಾಸ್ತಿ.

ಸಿನಿಮಾ 24ರಲ್ಲಿ ಓಡುವುದು ಮಾತಿನ ಚಿತ್ರಗಳು ಬಂದ ಕಾಲದಿಂದ. ನಮ್ಮ ಟಿವಿ 25ರಲ್ಲಿ ಓಡುವುದು ಇಲ್ಲಿಯ ಕರೆಂಟ್ 50 ಹರ್ಟ್ಸ್ ಆದ್ದರಿಂದ. ಅಮೆರಿಕದಲ್ಲಿ ಕರೆಂಟ್ 60, ಅಲ್ಲಿಯ ಟಿವಿ ಮೊದಲು 30 ಇತ್ತು, ಬಣ್ಣ ಬಂದ ಮೇಲೆ 29.97 ಆಯ್ತು. ಪಾಲ್ ದೇಶಗಳ ಟಿವಿಯವರು ಸಿನಿಮಾಕ್ಕೆ ಸುಲಭದ ದಾರಿ ಹಿಡಿದಿದ್ದರು. 24ರ ಚಿತ್ರವನ್ನು ಹಾಗೇ 25ರಲ್ಲಿ ಓಡಿಸುವುದು. ಎರಡೂವರೆ ಗಂಟೆಯ ಸಿನಿಮಾ ಆರು ನಿಮಿಷ ಮೊದಲೇ ಮುಗಿಯುತ್ತದೆ. ಒಂದು ಫ್ರೇಮೂ ಎಡವುವುದಿಲ್ಲ. ಆದರೆ ಸದ್ದೂ ಅಷ್ಟೇ ಬೇಗ ಓಡಬೇಕು, ಓಡಿದರೆ ಶ್ರುತಿ ಮೇಲೇರುತ್ತದೆ.

ರಾತ್ರಿ ಹನ್ನೊಂದಾಗಿತ್ತು. ಹೊರಗೆ ಮಳೆ. ನಾನೂ ಅದೇ ದಾರಿ ಹಿಡಿದೆ. ಚಿತ್ರವನ್ನು 25 ಅಂತ ಇಂಟರ್‌ಪ್ರೆಟ್ ಮಾಡಿದೆ, ಆಡಿಯೋವನ್ನು 104.27 ಪರ್ಸೆಂಟ್‌ಗೆ ಓಡಿಸಿದೆ. ಶ್ರುತಿ ಹಾಗೇ ಉಳಿಸುವ ಟಿಕ್ ಇದೆ, ಹಾಕಿ ನೋಡಿದೆ. ದುಡಿಯ ಪೆಟ್ಟು ಒಡೆದುಹೋಯ್ತು. ಒಂದು ಪೆಟ್ಟು ಎರಡಾಗಿ, ತಗಡು ಬಡಿದ ಹಾಗೆ ಕೇಳಿತು. ಟಿಕ್ ತೆಗೆದೆ. ಪೆಟ್ಟು ಶುದ್ಧವಾಯ್ತು, ದನಿ ಮಾತ್ರ ಮುಕ್ಕಾಲು ಮನೆಯಷ್ಟು ಮೇಲೆ ಹೋಯ್ತು. ಹಾರ್ಮೋನಿಯಂನಲ್ಲಿ ಒಂದು ಮನೆಯಿಂದ ಪಕ್ಕದ ಮನೆಗೆ ಹೋಗುವಷ್ಟೂ ಇಲ್ಲ.

ಹೆಡ್‌ಫೋನಿನಲ್ಲಿ ನನಗೆ ಆ ವ್ಯತ್ಯಾಸ ಕೇಳಿತ್ತು. ಕೇಳಲಿಲ್ಲ ಅಂತ ಹೇಳಲಾರೆ. ಮೊದಲಿನದ್ದು, ಈಗಿನದ್ದು, ಮೂರು ಸಲ ಬದಲಿಸಿ ಕೇಳಿದೆ. ನಾಲ್ಕು ಪರ್ಸೆಂಟ್ ತಾನೇ, ಟಿವಿಯವರೇ ಇಷ್ಟು ವರ್ಷ ಹೀಗೆ ಮಾಡಿದ್ದಾರೆ, ಯಾರಿಗೆ ಗೊತ್ತಾಗುತ್ತೆ ಅಂತ ರೆಂಡರ್ ಒತ್ತಿದೆ. ನೂರು ನಿಮಿಷದ ಟೈಮ್‌ಲೈನ್ 95 ನಿಮಿಷ 54 ಸೆಕೆಂಡಿಗೆ ಬಂತು. ಎರಡನೇ ತಾರೀಕು ಇಡೀ ದಿನ ಹನ್ನೆರಡು ಕಾಪಿ ಬರ್ನ್ ಮಾಡಿದೆ.

ಹಬ್ಬದ ದಿನ ನಾನೇ ನಾಪೋಕ್ಲು ಕಡೆಗೆ ಬೈಕಿನಲ್ಲಿ ಹೋಗಿ ಡಿಸ್ಕ್ ಕೊಟ್ಟೆ. ಊಟ ಮಾಡದೆ ಹೋಗಬಾರದು ಅಂತ ಕೂರಿಸಿದರು. ಕಡಂಬುಟ್ಟು, ಪಂದಿ ಕರಿ. ತೋಕ್ ಪೂ ಅನ್ನುವ ಹೂವು ಸಿಕ್ಕಿಸಿದ ಕೋವಿಗಳು ಒಳಗೆ ಪೂಜೆಗೆ ಇದ್ದವು. ಊಟ ಆದ ಮೇಲೆ ಟಿವಿಯನ್ನು ಕೈಯಾಲೆಗೆ, ಅಂದರೆ ಮನೆಯ ಮುಂದಿನ ಜಗಲಿಗೆ, ತಂದಿಟ್ಟರು. ಮಕ್ಕಳು ಕೆಳಗೆ ಕೂತರು. ಅಜ್ಜನಿಗೆ ಎದುರಿಗೇ ಕುರ್ಚಿ.

ಗಂಗಾಪೂಜೆ ಬಂತು. ಎಡವಲಿಲ್ಲ. ನನಗೆ ಉಸಿರು ಬಂತು. ಎಲ್ಲರೂ ತಮ್ಮ ತಮ್ಮ ಕುಣಿತ ನೋಡಿ ಕೂಗಾಡಿ ನಕ್ಕರು.

ಆಮೇಲೆ ಪಾಟ್ ಶುರುವಾಯ್ತು. ಮಾತೆಲ್ಲ ನಿಂತಿತು. ಜೊತೆಗಾರರ ಮುಖ ತೆರೆಯ ಮೇಲೆ ಬಂದಾಗ ಯಾರೋ ಹೆಂಗಸರು ಕಣ್ಣು ಒರೆಸಿಕೊಂಡರು. ಅಜ್ಜ ಮುಂದಕ್ಕೆ ಬಾಗಿದರು. ಅವರ ಬಲಗೈ ತೊಡೆಯ ಮೇಲೆ ತಾನಾಗಿ ದುಡಿ ಬಾರಿಸತೊಡಗಿತು. ಎರಡು ಬೆರಳು, ಮೆಲ್ಲಗೆ. ನಾನು ಆ ಬೆರಳನ್ನೇ ನೋಡುತ್ತಿದ್ದೆ. ಟಿವಿಯ ಪೆಟ್ಟು ಮೊದಲು ಬೀಳುತ್ತಿತ್ತು, ಬೆರಳು ಆಮೇಲೆ. ಅಜ್ಜ ನಿಲ್ಲಿಸಿದರು. ಮತ್ತೆ ಹಿಡಿದರು. ಸ್ವಲ್ಪ ದೂರ ಹೋಗಿ ಮತ್ತೆ ಬೆರಳು ಹಿಂದೆ ಬಿತ್ತು. ಮೂರನೇ ಸಲ ಬಾರಿಸಲಿಲ್ಲ. ಕೈಯನ್ನು ತೊಡೆಯ ಮೇಲೆ ಚಪ್ಪಟೆ ಇಟ್ಟುಕೊಂಡರು.

“ಇದು ಓಡ್ತಾ ಇದೆಯಲ್ಲ” ಅಂದರು.

ಯಾರೂ ಏನೂ ಹೇಳಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಟಿವಿ ಕಡೆ ಕೈ ತೋರಿಸಿ, “ಅವನ ದನಿ ಹೀಗಿರ್ಲಿಲ್ಲ” ಅಂದರು. ಜೋರಾಗಿ ಅಲ್ಲ. ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ.

ಮಗ ನನ್ನ ಕಡೆ ನೋಡಿದರು. ಆಗ ನಾನು ಒಂದು ಮಾತು ಹೇಳಿದೆ, ಅದೇ ಇವತ್ತಿಗೂ ಚುಚ್ಚುವುದು. “ಟಿವಿ ಸ್ಪೀಕರ್ ಹಳೇದಲ್ವಾ ಅಜ್ಜ, ಅದಕ್ಕೆ ಹಾಗೆ ಕೇಳುತ್ತೆ” ಅಂದೆ. ಅಜ್ಜ ತಲೆ ಆಡಿಸಿದರು. ಓದಿದ ಹುಡುಗ ಹೇಳುತ್ತಾನೆ, ಇರಬಹುದು ಅನ್ನುವ ಹಾಗೆ. ಮತ್ತೆ ಕುರ್ಚಿಗೆ ಒರಗಿ ಕೂತರು. ಪಾಟ್ ಮುಗಿಯುವವರೆಗೂ ತೆರೆ ನೋಡಿದರು, ಬೆರಳು ಆಡಲಿಲ್ಲ. ಆ ಪಾಟ್ ಹನ್ನೊಂದು ನಿಮಿಷ. ನನಗೆ ಅಷ್ಟು ಉದ್ದದ ಹನ್ನೊಂದು ನಿಮಿಷ ಮತ್ತೆ ಬಂದಿಲ್ಲ.

ಡಿಸ್ಕ್ ತಪ್ಪಾದದ್ದು ಒಂದು ಕಡೆ. ಕೆಲಸದಲ್ಲಿ ತಪ್ಪಾಗುತ್ತದೆ. ಆದರೆ ಆ ಮನುಷ್ಯ ಸರಿಯಾಗಿ ಕೇಳಿಸಿಕೊಂಡಿದ್ದರು, ಅವರ ಕಿವಿಯೇ ಸರಿ ಇಲ್ಲ ಅನ್ನುವ ಹಾಗೆ ನಾನು ಮಾಡಿದೆ. ನಲವತ್ತು ವರ್ಷ ಪಕ್ಕದಲ್ಲಿ ಕೇಳಿದ ದನಿಗೆ ನಾಲ್ಕು ಪರ್ಸೆಂಟ್ ಚಿಕ್ಕದಲ್ಲ. ಸಿನಿಮಾದ ನಟನ ದನಿಯನ್ನು ನಾವು ಟಿವಿಯಲ್ಲೇ ಕೇಳಿ ಅಭ್ಯಾಸ ಮಾಡಿಕೊಂಡಿರುತ್ತೇವೆ. ಮನೆಯವರ ದನಿ ಹಾಗಲ್ಲ. ಮದುವೆ ವಿಡಿಯೋಕ್ಕೆ ಟಿವಿಯವರ ಲೆಕ್ಕ ಹಿಡಿದದ್ದೇ ನನ್ನ ಬುದ್ಧಿಗೇಡು.

ಮಾರನೇ ದಿನ ಓನರಿಗೆ ಹೇಳಿದೆ, ಎಲ್ಲ ಕಾಪಿ ವಾಪಸ್ ತರಿಸಬೇಕು ಅಂತ. ದುಡ್ಡು ಬಂದಿದೆ, ಕಸ್ಟಮರ್ ಕಂಪ್ಲೇಂಟ್ ಮಾಡಿಲ್ಲ, ಸುಮ್ನೆ ಯಾಕೆ ಕೆದಕ್ತೀಯ ಅಂದರು. ಅವರ ಜೊತೆ ವಾದ ಮಾಡಿ ಪ್ರಯೋಜನ ಇಲ್ಲ ಅಂತ ಗೊತ್ತಿತ್ತು. ರಾತ್ರಿ ಕೂತು ನಾನೇ ಮಾಡಿದೆ.

ಸದ್ದನ್ನು ಮುಟ್ಟಬಾರದು ಅಂತ ಮೊದಲೇ ನಿರ್ಧಾರ ಮಾಡಿದ್ದೆ. ನೂರು ನಿಮಿಷ ನೂರು ನಿಮಿಷವೇ ಇರಬೇಕು. ಹಾಗಾದರೆ ಎರಡು ದಾರಿ. ಒಂದು, ಅಮೆರಿಕದ ಟಿವಿ ಪದ್ಧತಿಯ ಎನ್‌ಟಿಎಸ್‌ಸಿ ಡಿಸ್ಕ್. ಅದರಲ್ಲಿ 23.976 ಹಾಗೇ ಕೂರುತ್ತದೆ, ಪುಲ್‌ಡೌನ್ ಫ್ಲ್ಯಾಗ್ ಅನ್ನುವ ಗುರುತು ಹಾಕಿದರೆ ಪ್ಲೇಯರೇ 29.97 ಮಾಡಿಕೊಳ್ಳುತ್ತದೆ. ಚಿತ್ರದ ಅಡ್ಡಗೆರೆಗಳು 576ರಿಂದ 480ಕ್ಕೆ ಇಳಿಯುತ್ತವೆ, ಹಳೇ ಟಿವಿಯಲ್ಲಿ ಅದು ಕಾಣಲ್ಲ. ಇನ್ನೊಂದು, ಪಾಲ್ ಡಿಸ್ಕನ್ನೇ ಇಟ್ಟುಕೊಂಡು ಇಡೀ ಫ್ರೇಮಿನ ಬದಲು ಫೀಲ್ಡ್ ಸೇರಿಸುವುದು. ಫೀಲ್ಡ್ ಅಂದರೆ ಫ್ರೇಮಿನ ಒಂದು ಬಿಟ್ಟು ಒಂದು ಗೆರೆ ಸೇರಿದ ಅರ್ಧ ಚಿತ್ರ, 25 ಫ್ರೇಮ್ ಅಂದರೆ 50 ಫೀಲ್ಡ್. ನಮ್ಮ ಹತ್ತಿರ ಇರುವುದು ಸುಮಾರು 48. ಸೆಕೆಂಡಿಗೆ ಎರಡು ಫೀಲ್ಡ್ ಜಾಸ್ತಿ ಹಾಕಿದರೆ ಸಾಕು. ಎಡವುವುದು ಪೂರ್ತಿ ಹೋಗಲ್ಲ, ಆದರೆ ಒಂದೊಂದು ಸಲಕ್ಕೆ ಸೆಕೆಂಡಿನ 25ನೇ ಒಂದು ಭಾಗದ ಬದಲು 50ನೇ ಒಂದು ಭಾಗ ಮಾತ್ರ. ಏವಿಸಿಂಥ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಒಂದೇ ಸಾಲು. ಮೊದಲು 50ಕ್ಕೆ ಏರಿಸಿ, ಫೀಲ್ಡ್ ಬಿಡಿಸಿ, ಬೇಕಾದ್ದನ್ನು ಆರಿಸಿ, ಮತ್ತೆ ಹೆಣೆಯುವುದು.

ಎರಡನ್ನೂ ಮಾಡಿದೆ, ಗಂಗಾಪೂಜೆಯ ಒಂದು ನಿಮಿಷ, ಪಾಟಿನ ಒಂದು ನಿಮಿಷ. ಫೀಲ್ಡಿನದ್ದು ಮೊದಲ ಸಲ ಗಡಗಡ ನಡುಗಿತು. ಟೇಪ್ ಕ್ಯಾಮೆರಾ ಕಾಲದ ಪ್ರಿಸೆಟ್ ಬಾಟಮ್ ಫೀಲ್ಡ್ ಫಸ್ಟ್ ಅಂತ ಕೂತಿತ್ತು. ಟಾಪ್‌ಗೆ ಬದಲಿಸಿದ ಮೇಲೆ ಸರಿಹೋಯ್ತು. ಅಷ್ಟರಲ್ಲಿ ಕರೆಂಟ್ ಹೋಗಿ ಒಂದು ರಾತ್ರಿ ದಂಡ.

ಆ ಭಾನುವಾರ ಟೆಸ್ಟ್ ಡಿಸ್ಕ್‌ಗಳನ್ನು ಜೇಬಿಗೆ ಹಾಕಿಕೊಂಡು ನಾಪೋಕ್ಲಿಗೆ ಹೋದೆ. ಸ್ಟುಡಿಯೋದ ಟಿವಿಯನ್ನು ನಂಬುವ ಧೈರ್ಯ ಇರಲಿಲ್ಲ, ಅವರ ಪ್ಲೇಯರಿನಲ್ಲೇ ನೋಡಬೇಕಿತ್ತು. ಕೈಯಾಲೆಯಲ್ಲಿ ಅಜ್ಜ ಒಬ್ಬರೇ ಕೂತಿದ್ದರು. ಡಿಸ್ಕ್ ಹಾಕುವ ಮೊದಲೇ ಹೇಳಿದೆ. “ಅಜ್ಜ, ಅವತ್ತು ನಾನು ಸ್ಪೀಕರ್ ಅಂತ ಹೇಳಿದ್ದು ಸುಳ್ಳು. ನೀವು ಹೇಳಿದ್ದು ಸರಿ. ನಾನೇ ಓಡಿಸಿದ್ದು.”

ಅಜ್ಜ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. “ನನಗೆ ವಯಸ್ಸಾಯ್ತು, ಅವನ ದನಿ ಮರೆತೇಹೋಯ್ತಾ ಅಂತ ಎರಡು ರಾತ್ರಿ ನಿದ್ದೆ ಬರ್ಲಿಲ್ಲ” ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಡಿಸ್ಕ್ ಹಾಕಿದೆ.

ಎನ್‌ಟಿಎಸ್‌ಸಿದು ಮೊದಲು ಕಪ್ಪುಬಿಳುಪಾಗಿ ಉರುಳಾಡಿತು. ಪ್ಲೇಯರಿನ ಸೆಟಪ್‌ನಲ್ಲಿ ಟಿವಿ ಸಿಸ್ಟಂ ಬದಲಿಸಿದ ಮೇಲೆ ಬಣ್ಣ ಬಂತು, ಚಿತ್ರ ನಿಂತಿತು. ಚೆನ್ನಾಗಿಯೇ ಇತ್ತು. ಆದರೆ ಹನ್ನೆರಡು ಕಾಪಿ ಹನ್ನೆರಡು ಮನೆಗೆ ಹೋಗುತ್ತವೆ. ಎಲ್ಲರ ಮನೆಗೂ ಹೋಗಿ ನಾನು ಸೆಟಪ್ ಮೆನು ತೆಗೆಯಲು ಆಗಲ್ಲ. ಪಾಲ್ ಡಿಸ್ಕ್ ಏನೂ ಕೇಳದೆ ಓಡಿತು. ಕುಣಿತದಲ್ಲಿ ಒಂದು ಸಣ್ಣ ತೊಡರು ಇದೆ, ಹುಡುಕಿದರೆ ನನಗೆ ಸಿಗುತ್ತದೆ. ಅದನ್ನು ಒಪ್ಪಿಕೊಂಡೆ.

ಪಾಟ್ ಬಂದಾಗ ನಾನು ತೆರೆ ನೋಡಲಿಲ್ಲ. ಅಜ್ಜನ ಎರಡು ಬೆರಳು ತೊಡೆಯ ಮೇಲೆ ಎದ್ದವು. ದುಡಿ ಬಿದ್ದ ಕಡೆ ಬಿದ್ದವು. ಒಂದು ನಿಮಿಷದ ತುಂಡು ಮುಗಿದು ತೆರೆ ಕಪ್ಪಾದ ಮೇಲೂ ಸ್ವಲ್ಪ ದೂರ ಅವು ತಾವೇ ಹೋದವು.

“ಪೂರ್ತಿ ಮಾಡಿ ತಾ. ಅವನ ಮನೆಗೂ ಒಂದು ಕೊಡು” ಅಂದರು.

ಹದಿಮೂರು ಕಾಪಿ ನಾಲ್ಕರ ಸ್ಪೀಡಿನಲ್ಲಿ ಬರ್ನ್ ಮಾಡಿದೆ, ಖಾಲಿ ಡಿಸ್ಕ್ ನನ್ನ ದುಡ್ಡಿನಲ್ಲೇ ತಂದೆ. ಅಂದಿನಿಂದ ಯಾವ ಮದುವೆಗೆ ಹೋದರೂ ಕ್ಯಾಮೆರಾ ಬ್ಯಾಗ್ ಕಟ್ಟುವಾಗ ಎರಡೂ ಬಾಡಿಯ ಮೆನು ನಾನೇ ತೆಗೆದು 25 ಇದೆಯಾ ನೋಡುತ್ತಿದ್ದೆ. ಹುಡುಗರು ಬೇಸರ ಮಾಡಿಕೊಂಡರು. ಮಾಡಿಕೊಳ್ಳಲಿ.

ಜೊತೆಗಾರರ ಮನೆ ಕಕ್ಕಬ್ಬೆ ದಾರಿಯಲ್ಲಿ. ಹೋದಾಗ ಅವರ ಹೆಂಡತಿ, ಮಗಳು ಇಬ್ಬರೇ ಇದ್ದರು. ಟಿವಿ ಇತ್ತು, ಡಿವಿಡಿ ಪ್ಲೇಯರ್ ಇರಲಿಲ್ಲ. ಡಿಸ್ಕನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಾ ನಿಂತರು. ಮರುದಿನ ಮತ್ತೆ ಹೋದೆ. ಜೂಮ್ ರೆಕಾರ್ಡರಿನಲ್ಲಿದ್ದ ಫೈಲನ್ನು, ಏನೂ ಮಾಡದೆ, ಮೆಮೊರಿ ಕಾರ್ಡಿಗೆ ಹಾಕಿಕೊಂಡು ಹೋಗಿದ್ದೆ. ಮಗಳ ಫೋನಿಗೆ ಕಾರ್ಡ್ ಸಿಕ್ಕಿಸಿ, ಎಲ್ಲಿ ಒತ್ತಬೇಕು ಅಂತ ತೋರಿಸಿ ಬಂದೆ.