ಬಂದರಿನಲ್ಲಿ ಸಿಕ್ಕಿದ ಸಣ್ಣ ತೆಂಗಿನಕಾಯಿ

ಅಕ್ಟೋಬರ್ 11, 2025, ಶನಿವಾರ
ಮಂಗಳೂರು

ಸರಕು ಸಾಗಿಸುವ ಮಂಜಿ ಹಡಗುಗಳು ಮತ್ತೆ ಹೊರಟಿವೆ. ಮಳೆಗಾಲ ಇಡೀ ಹಳೆ ಬಂದರಿನಲ್ಲಿ ಕಟ್ಟಿ ಹಾಕಿದ್ದವು. ಈಗ ಲಕ್ಷದ್ವೀಪಕ್ಕೆ ಈರುಳ್ಳಿ, ಅಕ್ಕಿ, ಸಿಮೆಂಟು, ಜಲ್ಲಿ ಎಲ್ಲ ಲೋಡ್ ಆಗುತ್ತಿದೆ. ಹಮೀದ್ ಬ್ಯಾರಿಗಳ ಗೋಡೌನಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ನಾನು ಹೋದದ್ದು ಜಿಎಸ್‌ಟಿ ಲೆಕ್ಕಕ್ಕೆ. ಅದು ಮುಗಿಯಿತು, ಅದರ ಬಗ್ಗೆ ಬರೆಯಲು ಏನೂ ಇಲ್ಲ.

ಅಲ್ಲಿ ಲಕ್ಷದ್ವೀಪದ ಕಿಲ್ತಾನ್ ದ್ವೀಪದ ಒಬ್ಬ ತಂಡೇಲರು, ಎಂದರೆ ಮಂಜಿ ನಡೆಸುವವರು, ಕೂತಿದ್ದರು. ವಯಸ್ಸಾದವರು. ಕಾಲ ಬುಡದಲ್ಲಿ ಒಂದು ಚೀಲ, ಚೀಲದ ತುಂಬ ತೆಂಗಿನಕಾಯಿ. ಎಲ್ಲವೂ ಸಣ್ಣ ಸಣ್ಣದು. ನಮ್ಮ ಸಂತೆಯಲ್ಲಾದರೆ ಬದಿಗೆ ತೆಗೆದಿಡುವಂಥದ್ದು.

"ಎಂಥ ಇಷ್ಟು ಸಣ್ಣ? ಈ ಸಲ ಅಲ್ಲಿ ನೀರಿಲ್ಲವಾ?" ಎಂದು ಕೇಳಿದೆ.

ಅವರು ಮಲಯಾಳಂನಲ್ಲಿ ಏನೋ ಹೇಳಿ ನಕ್ಕರು. ಬ್ಯಾರಿಗಳು ಕನ್ನಡ ಮಾಡಿದರು. "ಭಟ್ರೆ, ಅದರ ಜಾತಿಯೇ ಅಷ್ಟು. ಕಾಯಿ ನೋಡ್ಬೇಡಿ, ಗೊನೆ ನೋಡಿ ಅಂತಾರೆ. ಎಣಿಸ್ಲಿಕ್ಕೆ ಸೋಲ್ತೀರಿ ಅಂತೆ."

ಆಗ ನೆನಪಾಯಿತು. ಇದೇ ಅಲ್ವಾ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಲಕ್ಕದಿವ್ ಮೈಕ್ರೋ ಎನ್ನುವುದು! ಹೆಸರು ಓದಿದ್ದೆ, ಕೈಯಲ್ಲಿ ಹಿಡಿದದ್ದು ಇವತ್ತೇ. ಒಂದು ಕಾಯಿಯಲ್ಲಿ ಕೊಬ್ಬರಿ ನಮ್ಮ ಊರಿನ ಕಾಯಿಯ ಅರ್ಧದಷ್ಟೂ ಬರುವುದು ಕಷ್ಟ. ಆದರೆ ಆ ಕೊಬ್ಬರಿಯಲ್ಲಿ ಎಣ್ಣೆ ಶೇ. 70ಕ್ಕಿಂತ ಜಾಸ್ತಿ. ಲಕ್ಷದ್ವೀಪದ್ದೇ ಇನ್ನೊಂದು ಜಾತಿ ಸ್ವಲ್ಪ ದೊಡ್ಡದು, ಲಕ್ಕದಿವ್ ಆರ್ಡಿನರಿ. ಅದನ್ನು ಚಂದ್ರಕಲ್ಪ ಎಂಬ ಹೆಸರಿನಲ್ಲಿ ನಮ್ಮ ಕಡೆಗೂ ಬಿಡುಗಡೆ ಮಾಡಿದ್ದಾರೆ.

ಕಿಲ್ತಾನ್, ಚೆತ್ಲತ್, ಕಡಮತ್, ಅಮಿನಿ, ಬಿತ್ರ ಎಲ್ಲ 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯದ್ದೇ ಆಗಿತ್ತು ಎಂದರೆ ಈಗಿನ ಮಕ್ಕಳು ನಂಬುವುದಿಲ್ಲ. ಅಲ್ಲಿಂದ ತೆಂಗಿನಕಾಯಿ, ಹುರಿಹಗ್ಗ ಇಲ್ಲಿಗೆ. ಇಲ್ಲಿಂದ ಅಕ್ಕಿ ಅಲ್ಲಿಗೆ. ತಂಡೇಲರ ಅಜ್ಜನೂ ಇದೇ ಧಕ್ಕೆಗೆ ಬರುತ್ತಿದ್ದರಂತೆ.

ಇಷ್ಟೇ ಆಗಿದ್ದರೆ ಖುಷಿಯಲ್ಲಿ ಮನೆಗೆ ಬರುತ್ತಿದ್ದೆ. ಬ್ಯಾರಿಗಳು ಬಿಲ್ ಮಾಡಲು ಅವರ ಸಾಮಾನಿನ ಪಟ್ಟಿ ಓದಿದರು. ಎಲ್ಲದರ ಕೊನೆಗೆ "ತೆಂಗಿನ ಸಸಿ, ಗಿಡ್ಡ ಜಾತಿ, 40."

"ದ್ವೀಪಕ್ಕೆ ತೆಂಗಿನ ಸಸಿಯಾ?" ಎಂದೆ.

"ಮಗನಿಗೆ," ಎಂದರು ತಂಡೇಲರು. ಮತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಮುಂದುವರಿಸಿದರು. ಅಲ್ಲಿ ಮರ ಹತ್ತುವವರು ಈಗ ಸಿಗುವುದಿಲ್ಲ. ಇಲಿಯ ಕಾಟ ಬೇರೆ. ಮರಗಳು ಒತ್ತೊತ್ತಾಗಿರುವುದರಿಂದ ಇಲಿ ನೆಲಕ್ಕೆ ಇಳಿಯುವುದೇ ಇಲ್ಲ, ಮಡಲಿನಿಂದ ಮಡಲಿಗೆ ಹೋಗಿ ಎಳೆ ಕಾಯಿಗೆ ತೂತು ಮಾಡುತ್ತದೆ. ಮಗ ಫೋನಿನಲ್ಲಿ ಗಿಡ್ಡ ಮರದ ವಿಡಿಯೋ ನೋಡಿದ್ದಾನೆ. ಮೂರ್ನಾಲ್ಕು ವರ್ಷಕ್ಕೆ ಫಸಲು. ನೆಲದ ಮೇಲೆ ನಿಂತು ಕೊಯ್ಯಬಹುದು.

"ಹಳೆ ಮರ?"

"ಅದು ಇರ್ತದೆ. ಅದನ್ನು ಯಾರು ಕಡೀತಾರೆ?"

ಇದಕ್ಕೆ ನನ್ನಲ್ಲಿ ಉತ್ತರ ಇತ್ತು. ಹೇಳಲಿಲ್ಲ. ಫ್ಯಾನಿನ ಕೆಳಗೆ ಲೆಕ್ಕ ಬರೆಯುವವನು ದ್ವೀಪದವರಿಗೆ ನೀವು ಮರ ಹತ್ತುತ್ತಲೇ ಇರಿ ಎನ್ನುವುದು ಹೇಗೆ? ನಮ್ಮ ಮನೆಯ ಮರಗಳಿಗೇ ಜನ ಸಿಗಬೇಕಾದರೆ ಹತ್ತು ಸಲ ಫೋನ್ ಮಾಡಬೇಕು.

ಆದರೆ ಇಲ್ಲಿ ಬರೆಯುತ್ತೇನೆ. ಹಳೆ ಮರ ಇರುತ್ತದೆ, ಸರಿ. ಅದರ ಮಕ್ಕಳು ಅದರ ಹಾಗೆ ಇರುವುದಿಲ್ಲ. ಎತ್ತರದ ತೆಂಗಿನಲ್ಲಿ ಒಂದು ಹೊಂಬಾಳೆಯ ಗಂಡು ಹೂ ಉದುರಿ ಮುಗಿಯುವ ಹೊತ್ತಿಗೆ ಹೆಣ್ಣು ಹೂ ತಯಾರಾಗುತ್ತದೆ. ಹಾಗಾಗಿ ಪರಾಗ ಹೆಚ್ಚಾಗಿ ಬೇರೆ ಮರದಿಂದಲೇ ಬರಬೇಕು. ಪಕ್ಕದಲ್ಲಿ ಗಿಡ್ಡ ತೆಂಗು ಇದ್ದರೆ ಅದರ ಪರಾಗವೂ ಬರುತ್ತದೆ. ಜೇನು ತರುತ್ತದೆ, ಗಾಳಿ ತರುತ್ತದೆ. ಮರ ಹಳೆಯದೇ, ಕಾಯಿಯೂ ನೋಡಲು ಹಳೆಯದೇ. ಆದರೆ ಅದನ್ನು ನೆಟ್ಟರೆ ಬರುವುದು ಮಿಶ್ರ. ಎರಡು ತಲೆಮಾರು ಕಳೆದರೆ ಯಾವುದು ಯಾವುದೆಂದು ಯಾರಿಗೂ ಹೇಳಲು ಆಗುವುದಿಲ್ಲ. ಇಷ್ಟು ಕಾಲ ಈ ಜಾತಿಯನ್ನು ಕಾದದ್ದು ಸುತ್ತಲಿನ ಸಮುದ್ರ. ಸಮುದ್ರ ದಾಟಿಸಲು ನಮ್ಮ ಮಂಜಿ ಉಂಟಲ್ಲ.

ಈ ಸಮುದ್ರವನ್ನೇ ಉಪಾಯ ಮಾಡಿಕೊಂಡವರೂ ಇದ್ದಾರೆ. ರೋಲಾಂ ಬೂರ್ದೆ ಎಂಬ ಫ್ರಾನ್ಸಿನ ತೆಂಗು ವಿಜ್ಞಾನಿ ಪೆಸಿಫಿಕ್‌ನ ಸಣ್ಣ ಸಣ್ಣ ನಡುಗಡ್ಡೆಗಳಲ್ಲಿ ಒಂದಕ್ಕೆ ಒಂದೇ ಜಾತಿ ನೆಡೋಣ ಎಂದರು. ಪಾಲಿಮೋಟು ಎಂದು ಆ ಯೋಜನೆಯ ಹೆಸರು. ಸುತ್ತ ನೀರು, ಬೇರೆ ಪರಾಗ ಬರಲು ದಾರಿಯಿಲ್ಲ. ಬಿದ್ದ ಕಾಯಿಯನ್ನು ಹೆಕ್ಕಿದರೆ ಅದೇ ಶುದ್ಧ ಬೀಜ. ಇಲ್ಲದಿದ್ದರೆ ಎಷ್ಟು ಕೆಲಸ! ಮರ ಹತ್ತಿ, ಗಂಡು ಹೂ ತೆಗೆದು, ಹೊಂಬಾಳೆಗೆ ಚೀಲ ಕಟ್ಟಿ, ಬೇಕಾದ ಪರಾಗವನ್ನು ಕೈಯಿಂದ ಉದುರಿಸಿ, ಆ ಮೇಲೆ ಕಾಯಿ ಬಲಿಯಲು ಒಂದು ವರ್ಷ ಕಾಯಬೇಕು. ಮರ ಎತ್ತರ ಆದಷ್ಟೂ ಆ ಕೆಲಸಕ್ಕೆ ಜನ ಕಡಿಮೆ.

ಭತ್ತದ ಹಾಗೆ ಒಣಗಿಸಿ ಡಬ್ಬಿಯಲ್ಲಿ ಇಡೋಣ ಎಂದರೆ ತೆಂಗು ಕೇಳುವುದಿಲ್ಲ. ಒಣಗಿಸಿದರೂ ಸಾಯುತ್ತದೆ, ತಣ್ಣಗೆ ಇಟ್ಟರೂ ಸಾಯುತ್ತದೆ. ಸುಮ್ನೆ ಬಿಟ್ಟರೆ ಮೊಳಕೆ ಬರುತ್ತದೆ. ಹಾಗಾಗಿ ತೆಂಗಿನ ಬ್ಯಾಂಕು ಎಂದರೆ ತೋಟವೇ. ಅಂತಾರಾಷ್ಟ್ರೀಯ ಮಟ್ಟದವು ಐದು: ಇಂಡೋನೇಷ್ಯಾ, ಪಪುವಾ ನ್ಯೂಗಿನಿ, ಐವರಿ ಕೋಸ್ಟ್, ಬ್ರೆಜಿಲ್, ಮತ್ತೆ ನಮ್ಮ ಕಿದು. ಹೌದು, ನೆಟ್ಟಣದ ಕಿದು! ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನಲ್ಲಿ ಇಳಿದ ಜನ ಜೀಪು ಹಿಡಿದು ನೇರ ಕುಕ್ಕೆಗೆ ಹೋಗುತ್ತಾರೆ. ಎಷ್ಟೋ ದೇಶದ ತೆಂಗು ಅಲ್ಲೇ ಹತ್ತಿರ ನಿಂತಿದೆ ಎಂದು ಎಷ್ಟು ಜನರಿಗೆ ಗೊತ್ತು? ನಮ್ಮ ವಿಜ್ಞಾನಿಗಳು 1981ರಲ್ಲಿ ಪೆಸಿಫಿಕ್ ದ್ವೀಪಗಳಿಂದ ತಂದ ಜಾತಿಗಳನ್ನು ಮೊದಲು ನೆಟ್ಟದ್ದು ಅಂಡಮಾನಿನಲ್ಲಿ. ರೋಗ ಬಂದರೂ ಅಲ್ಲೇ ನಿಲ್ಲಲಿ ಎಂದು. ಅಲ್ಲಿಯೂ ಸಮುದ್ರವನ್ನೇ ನಂಬಿದರು ನೋಡಿ.

ತೋಟವೆಂದರೆ ರೋಗವೂ ಬರುತ್ತದೆ. ಪಪುವಾ ನ್ಯೂಗಿನಿಯ ಮಡಾಂಗ್ ತೋಟದ ಹತ್ತಿರವೇ ಬೋಗಿಯಾ ಎಂಬ ರೋಗ ಬಂತು. ಐವರಿ ಕೋಸ್ಟಿನ ತೋಟಕ್ಕೂ ತೆಂಗಿನ ಮರವನ್ನೇ ಕೊಲ್ಲುವ ಹಳದಿ ರೋಗದ ಹೆದರಿಕೆ. ಜಮೈಕಾದ ಕಥೆ ಇನ್ನೂ ಬೇಜಾರು. ಇಂಥದ್ದೇ ಹಳದಿ ರೋಗಕ್ಕೆ ಅಲ್ಲಿನ ಎತ್ತರದ ತೆಂಗು ಲಕ್ಷಗಟ್ಟಲೆ ಸತ್ತುಹೋಯಿತು. ಆಗ ಕೈಹಿಡಿದದ್ದು ಏಷ್ಯಾದ ಮಲಯನ್ ಗಿಡ್ಡ ತಳಿ. ಊರಿಡೀ ಅದನ್ನೂ ಅದರ ಹೈಬ್ರಿಡ್ಡನ್ನೂ ನೆಟ್ಟರು. ಕೆಲವು ದಶಕ ಆದ ಮೇಲೆ ಅವೂ ಬೀಳತೊಡಗಿದವು. ಮುಂದಿನ ರೋಗಕ್ಕೆ ಯಾವ ಜಾತಿ ಬೇಕಾಗುತ್ತದೋ ಯಾರಿಗೆ ಗೊತ್ತು? ಅದು ಕಿಲ್ತಾನಿನ ಈ ಸಣ್ಣ ಕಾಯಿಯೂ ಆಗಿರಬಹುದು. ಅಥವಾ ಯಾವುದಕ್ಕೂ ಬಾರದ್ದೂ ಆಗಿರಬಹುದು.

ತಂಡೇಲರು ನನಗೆ ಒಂದು ಕಾಯಿ ಕೊಟ್ಟರು. ಹಣ ತೆಗೆದುಕೊಳ್ಳಲಿಲ್ಲ. ಅಮ್ಮ ಅಡುಗೆಮನೆಯಲ್ಲಿ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ನೀರುಂಟು. ನಾಳೆ ನೀರುದೋಸೆಗೆ ಚಟ್ನಿ ಮಾಡ್ತೇನೆ, ಆಯ್ತಾ?" ಎಂದಳು.

"ಬೇಡ, ನೆಡುವಾ."

"ಎಲ್ಲಿ ನೆಡುವುದು? ಮೂರು ಕಡೆಯೂ ಪಕ್ಕದ ಮನೆಯವರ ತೆಂಗು. ನೀನೇ ಈಗ ಹೇಳಿದ್ದಲ್ಲ, ಎಲ್ಲ ಬೆರಕೆ ಆಗ್ತದೆ ಅಂತ."

ಇವಳಿಗೆ ನನ್ನ ಮಾತು ಹೀಗೆ ಬೇಕಾದಾಗ ಮಾತ್ರ ಕೇಳಿಸುತ್ತದೆ. ಮರ ಬಂದರೆ ಅದೇ ಜಾತಿಯದ್ದು ಬರಬಹುದು, ಆದರೆ ಅದರ ಕಾಯಿಗೆ ಇಡೀ ಬಡಾವಣೆಯ ಪರಾಗ. ಒಂದೇ ಒಂದು ಮರ ಇಟ್ಟುಕೊಂಡು ಜಾತಿ ಉಳಿಸಿದೆ ಎಂದು ಹೇಳಿಕೊಳ್ಳಲು ಆಗುವುದಿಲ್ಲ. ಹತ್ತಾರು ಮರ ಬೇಕು, ಸುತ್ತ ಖಾಲಿ ಜಾಗ ಬೇಕು.

ಜಾತಿ ಉಳಿಯಬೇಕಾದರೆ ಅದು ಯಾರಿಗಾದರೂ ಬೇಕಾಗಿರಬೇಕು. ಸಮೋವಾದ ನಿಯು ಆಫಾ ಎಂಬ ಉದ್ದ ಕಾಯಿಯ ತೆಂಗಿಗೆ ಕಷ್ಟ ಬಂದದ್ದು ಯಾರಿಗೂ ಬೇಡವಾಗಿಯೇ. ಅದರ ನಾರು ಉದ್ದ, ಹಗ್ಗ ಹೊಸೆಯಲು, ಮನೆ, ದೋಣಿ ಬಿಗಿಯಲು ಬೇಕಿತ್ತು. ನೈಲಾನ್ ಬಂದ ಮೇಲೆ ಯಾರಿಗೆ ಬೇಕು? ಈ ಕರಾವಳಿಯಲ್ಲಿ ಗೆಂದಾಳಿ ಎಂಬ ಕೆಂಬಣ್ಣದ ತೆಂಗು ಇನ್ನೂ ಮನೆಮನೆಯಲ್ಲಿ ಉಳಿದಿದ್ದರೆ ಅದಕ್ಕೆ ನಾಗನ ತಂಬಿಲ, ಭೂತದ ಕೋಲ ಕಾರಣ. ದೇವರಿಗೆ ಬೇಕು, ಹಾಗಾಗಿ ಮರ ಉಂಟು. ಕಿಲ್ತಾನಿನ ಕಾಯಿ ಯಾರಿಗೆ ಬೇಕು? ಎಣ್ಣೆಗೆ ಒಳ್ಳೆ ರೇಟು ಸಿಕ್ಕಿದರೆ ಮಗ ಹಳೆ ಜಾತಿಯನ್ನೇ ನೆಡುತ್ತಿದ್ದನೋ ಏನೋ. ಸಣ್ಣ ಕಾಯಿ ಎಂದು ಇಲ್ಲಿ ಬದಿಗೆ ತಳ್ಳುವವರು ನಾವೇ.

ಗಂಟೆ ಹನ್ನೊಂದು ಆಯಿತು. ಇನ್ನೊಂದು ಹುಚ್ಚು ಯೋಚನೆ. ಮಲ್ಪೆಯ ಸೈಂಟ್ ಮೇರೀಸ್‌ನಲ್ಲೂ ತೆಂಗು ಉಂಟು. ಒಂದು ನಡುಗಡ್ಡೆಗೆ ಹೆಸರೇ ಕೋಕೊನಟ್ ಐಲ್ಯಾಂಡ್. ಎಲ್ಲರೂ ಕಂಬದಂಥ ಕಲ್ಲಿನ ಫೋಟೋ ಹೊಡೆದು ಬರುತ್ತಾರೆ. ಆ ತೆಂಗು ಯಾವ ಜಾತಿ ಎಂದು ಒಬ್ಬರಾದರೂ ಕತ್ತೆತ್ತಿ ನೋಡಿದ್ದುಂಟಾ? ದಡದಿಂದ ಅಷ್ಟು ದೂರ ಜೇನು ಹಾರುತ್ತದಾ? ಮಲ್ಪೆಯ ಭಾವನನ್ನು ಕೇಳಬೇಕು. ಅವನ ಬೋಟು ಅದೇ ದಾರಿಯಲ್ಲಿ ಹೋಗುತ್ತದೆ. ಆದರೆ ಅವನಿಗೆ ಫೋನ್ ಮಾಡಿದರೆ ಮೊದಲು ಆ ಸೊಸೈಟಿ ಸಾಲದ ಜಾಮೀನಿನ ಮಾತು ತೆಗೆಯುತ್ತಾನೆ, ಅದಕ್ಕೆ ಅಕ್ಕನ ಮೂಲಕವೇ ಕೇಳಿಸಬೇಕು.