ಕಿರ್ದಿಯಿಂದ ಖತಾವಣಿಗೆ: ಇಂಗ್ಲಿಷ್ ಪ್ರಾಸಪದಗಳ ಆರು ತಿಂಗಳ ಲೆಕ್ಕ

ಗುಳೇದಗುಡ್ಡದ ನೂಲಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ವೃತ್ತಿ. ಇಂಗ್ಲಿಷಿನಲ್ಲಿ ಒಂದಕ್ಕೊಂದು ಪ್ರಾಸಗೂಡುವ ಪದಗಳನ್ನು ಕನ್ನಡ ಅರ್ಥದೊಂದಿಗೆ ಒಂದು ಉದ್ದನೆಯ ಪುಸ್ತಕಕ್ಕೆ ಏರಿಸುವುದು ಕಳೆದ ಜನವರಿಯಲ್ಲಿ ಹಿಡಿದ ಹವ್ಯಾಸ. ಒಂಬತ್ತನೆಯ ತರಗತಿಯಲ್ಲಿ ಓದುವ ಅಣ್ಣನ ಮಗಳಿಗೆ ಒಂಟಿ ಪದ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ, ಜೋಡಿಪದ ನಿಲ್ಲುತ್ತಿತ್ತು. ಕೆಲಸ ಆರಂಭವಾದದ್ದು ಅಲ್ಲಿಂದ. ಜೂನ್ ಮುಗಿಯುವ ಹೊತ್ತಿಗೆ 71 ಖಾತೆಗಳೂ 640 ಪದಗಳೂ ಆಗಿವೆ. ಇಲ್ಲಿಯವರೆಗೆ ಏನು ನಡೆಯಿತು, ಎಲ್ಲಿ ತಪ್ಪಿತು ಎಂಬುದನ್ನು ಬರೆದಿಡುತ್ತಿದ್ದೇನೆ.

ಜನವರಿ

ಅಂಗಡಿಯ ಪದ್ಧತಿಯನ್ನೇ ಇಲ್ಲಿಗೂ ತಂದೆ. ದಿನದ ವ್ಯವಹಾರವು ಮೊದಲು ಕಿರ್ದಿಗೆ ಹೋಗುತ್ತದೆ, ಆಮೇಲೆ ಅವರವರ ಹೆಸರಿನ ಖಾತೆಗೆ ಖತಾವಣಿಯಲ್ಲಿ ಏರುತ್ತದೆ. ಹಾಗೆಯೇ ಹಗಲು ಕಣ್ಣಿಗೆ ಬಿದ್ದ ಇಂಗ್ಲಿಷ್ ಪದಗಳನ್ನು, ನೂಲಿನ ಪೆಟ್ಟಿಗೆಯ ಮೇಲಿನವಿರಲಿ, ಬಸ್ಸಿನ ಬೋರ್ಡಿನವಿರಲಿ, ಹುಡುಗಿಯ ಪಾಠದವಿರಲಿ, ಬಂದ ಕ್ರಮದಲ್ಲೇ ಕಿರ್ದಿಯಲ್ಲಿ ಬರೆದು, ರಾತ್ರಿ ಊಟವಾದ ಮೇಲೆ ಅವುಗಳ ಕೊನೆಯ ನಾದವನ್ನು ನೋಡಿ ತಕ್ಕ ಖಾತೆಗೆ ಹಾಕುವುದು ಕ್ರಮವಾಯಿತು. ಮೊದಲ ಕಾಲಮ್ಮಿನಲ್ಲಿ ಕನ್ನಡ ಲಿಪಿಯಲ್ಲಿ ಉಚ್ಚಾರ, ಎರಡನೆಯದರಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗ್, ಮೂರನೆಯದರಲ್ಲಿ ಅರ್ಥ.

ಯಾವುದನ್ನು ಪ್ರಾಸವೆಂದು ಒಪ್ಪಬೇಕು ಎಂಬ ನಿಯಮವನ್ನು ಮೊದಲ ವಾರದಲ್ಲೇ ಗೊತ್ತುಪಡಿಸಿಕೊಂಡೆವು. ಪದದಲ್ಲಿ ಒತ್ತು ಬೀಳುವ ಕೊನೆಯ ಸ್ವರದಿಂದ ಆಚೆಗೆ ಎಲ್ಲವೂ ಒಂದೇ ಆಗಿ ಕೇಳಬೇಕು, ಆ ಸ್ವರದ ಹಿಂದಿನ ವ್ಯಂಜನ ಮಾತ್ರ ಬೇರೆಯಾಗಿರಬೇಕು. ರಾತ್ರಿ ಎಂಬ ಅರ್ಥದ ನೈಟ್ ಮತ್ತು ಕುದುರೆ ಏರಿದ ಯೋಧ ಎಂಬ ಅರ್ಥದ ನೈಟ್ ಸ್ಪೆಲ್ಲಿಂಗಿನಲ್ಲಿ ಬೇರೆಯಾದರೂ ಒಂದಕ್ಕೊಂದು ಪ್ರಾಸವಾಗುವುದಿಲ್ಲ. ಅದು ಒಂದೇ ರಕಮನ್ನು ಎರಡು ಸಲ ಜಮಾ ಮಾಡಿದಂತೆ. ಅವೆರಡೂ ಸೇರಿ ಲೈಟ್, ಕೈಟ್, ಬೈಟ್, ಹೈಟ್‌ಗಳ ಜೊತೆ ಕೂಡುತ್ತವೆ. ಲೈಟ್ ಎಂದರೆ ಬೆಳಕೂ ಹೌದು, ಹಗುರವೂ ಹೌದು. ಕೈಟ್ ಎಂದರೆ ಗಾಳಿಪಟವೂ ಹೌದು, ಹದ್ದಿನ ಜಾತಿಯ ಹಕ್ಕಿಯೂ ಹೌದು. ಹೈಟ್ ಎಂದರೆ ಎತ್ತರ. ಹೈಟ್‌ಗೆ ಬರೆಯುವಾಗ ಒಡಹುಟ್ಟಿದಂತೆ ಕಾಣುವ ವೇಟ್ ಮಾತ್ರ, ಅಂದರೆ ತೂಕ, ಲೇಟ್, ಗೇಟ್, ಪ್ಲೇಟ್‌ಗಳ ಮನೆಗೆ ಹೋಗಿಬಿಡುತ್ತದೆ.

ಕನ್ನಡ ಲಿಪಿಯ ಉಪಕಾರ ಇಲ್ಲಿಯೇ ತಿಳಿಯಿತು. ಇಂಗ್ಲಿಷ್ ಸ್ಪೆಲ್ಲಿಂಗ್ ಕಣ್ಣಿಗೆ ಹೇಳುವುದೇ ಬೇರೆ, ಕಿವಿಗೆ ಹೇಳುವುದೇ ಬೇರೆ. ಓ, ಯು, ಜಿ, ಎಚ್ ಎಂಬ ನಾಲ್ಕೇ ಅಕ್ಷರಗಳಿಂದ ಮುಗಿಯುವ ಪದಗಳನ್ನು ಒಂದು ಸಂಜೆ ಹುಡುಗಿಯಿಂದ ಓದಿಸಿದೆ. ರಫ್ ಎಂಬ ಒರಟು ಸ್ಟಫ್ ಜೊತೆಗೆ ಹೋಯಿತು. ಕಾಫ್ ಎಂಬ ಕೆಮ್ಮು ಆಫ್ ಜೊತೆಗೆ. ಮೂಲಕ ಎಂಬ ಅರ್ಥದ ಥ್ರೂ ಬ್ಲೂ, ಶೂ, ಗ್ಲೂಗಳ ಜೊತೆಗೆ. ಕಣಕ ಎಂಬ ಅರ್ಥದ ಡೋ ಗೋ ಮತ್ತು ಸ್ನೋ ಜೊತೆಗೆ. ಮರದ ಟೊಂಗೆ ಎಂಬ ಅರ್ಥದ ಬೌ ಕೌ ಜೊತೆಗೆ. ಬಾಲ ಒಂದೇ, ಖಾತೆಗಳು ಐದು. ಈ ಜಿ-ಎಚ್ ಜೋಡಿ ಹಳೆಯ ಇಂಗ್ಲಿಷಿನಲ್ಲಿ ಗಂಟಲಿನಿಂದ ಹೊರಡುವ ಒಂದು ಧ್ವನಿಯಾಗಿತ್ತು. ನಾಲಗೆ ಅದನ್ನು ಕೆಲವೆಡೆ ಬಿಟ್ಟುಕೊಟ್ಟಿತು, ಕೆಲವೆಡೆ ಫ ಕಾರವಾಗಿಸಿತು. 1476ರಲ್ಲಿ ವಿಲಿಯಂ ಕ್ಯಾಕ್ಸ್ಟನ್ ಇಂಗ್ಲೆಂಡಿಗೆ ಮುದ್ರಣಯಂತ್ರ ತಂದ ಮೇಲೆ ಕ್ರಮೇಣ ಬರಹ ಗಟ್ಟಿಯಾಯಿತು, ಉಚ್ಚಾರ ಮಾತ್ರ ಬದಲಾಗುತ್ತಲೇ ಹೋಯಿತು.

ನಗು ಎಂಬ ಅರ್ಥದ ಲಾಫ್ಟರ್ ಎಂಬ ಪದದ ಮುಂದೆ ಒಂದು ಎಸ್ ಸೇರಿಸಿದರೆ ವಧೆ ಎಂಬ ಅರ್ಥದ ಸ್ಲಾಟರ್ ಆಗುತ್ತದೆ, ಆದರೂ ಅವೆರಡು ಪ್ರಾಸಗೂಡುವುದಿಲ್ಲ. ಲಾಫ್ಟರ್‌ಗೆ ಆಫ್ಟರ್ ಜೊತೆ, ಸ್ಲಾಟರ್‌ಗೆ ಡಾಟರ್ ಜೊತೆ. ಇದನ್ನು ಕೇಳಿದ ಹುಡುಗಿ ಆ ಭಾಷೆಯನ್ನು ಮಾಡಿದವರು ಯಾರು ಎಂದು ಸಿಟ್ಟಿನಿಂದ ಕೇಳಿದಳು.

ಫೆಬ್ರುವರಿ

ಈ ತಿಂಗಳು ಅಂಗಡಿಯ ಪದಗಳಿಗೆ ಹೋಯಿತು, ಮತ್ತು ನಿಜವಾಗಿ ರುಚಿ ಹತ್ತಿದ್ದು ಆಗಲೇ. ಲೂಮ್ ಎಂದರೆ ಮಗ್ಗ. ಅದರ ಜೊತೆಗೆ ರೂಮ್, ಕಸಬರಿಗೆ ಎಂಬ ಅರ್ಥದ ಬ್ರೂಮ್, ಅರಳು ಎಂಬ ಅರ್ಥದ ಬ್ಲೂಮ್, ಮಬ್ಬು ಎಂಬ ಅರ್ಥದ ಗ್ಲೂಮ್ ಬಂದವು; ಬೇರೆ ಸ್ಪೆಲ್ಲಿಂಗಿನ ಬಾಗಿಲಿನಿಂದ ಗೋರಿ ಎಂಬ ಅರ್ಥದ ಟೂಮ್, ಗರ್ಭ ಎಂಬ ಅರ್ಥದ ವೂಮ್ ಕೂಡ ಒಳಬಂದವು. ಟೂಮ್‌ನ ಮೊದಲಕ್ಷರವನ್ನಷ್ಟೇ ಬದಲಿಸಿದರೆ ಹಣಿಗೆ ಎಂಬ ಅರ್ಥದ ಕೋಮ್ ಆಗಿ ಹೋಮ್ ಜೊತೆಗೆ ಹೊರಟುಹೋಗುತ್ತದೆ, ಮತ್ತೊಮ್ಮೆ ಬದಲಿಸಿದರೆ ಬಾಂಬ್ ಆಗಿ ಇಬ್ಬರನ್ನೂ ಬಿಟ್ಟು ನಿಲ್ಲುತ್ತದೆ.

ಥ್ರೆಡ್ ಎಂಬ ದಾರಕ್ಕೆ ರೆಡ್, ಬ್ರೆಡ್, ಹೆಡ್, ಹೇಳಿದ ಎಂಬ ಅರ್ಥದ ಸೆಡ್. ವೆಫ್ಟ್ ಎಂಬ ಹೊಕ್ಕಿಗೆ ಲೆಫ್ಟ್, ಕಳವು ಎಂಬ ಅರ್ಥದ ಥೆಫ್ಟ್. ಕಾಟನ್ ಎಂಬ ಹತ್ತಿಗೆ ಕೊಳೆತ ಎಂಬ ಅರ್ಥದ ರಾಟನ್, ಮರೆತುಹೋದ ಎಂಬ ಅರ್ಥದ ಫರ್ಗಾಟನ್. ಈ ಕೊನೆಯ ಪದದಲ್ಲಿ ಒತ್ತು ಎರಡನೆಯ ಉಚ್ಚಾರಾಂಶದ ಮೇಲೆ ಬೀಳುವುದರಿಂದ ಫರ್ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಸಿಲ್ಕ್ ಖಾತೆಯಲ್ಲಿ ನಾಲ್ಕೇ ನಮೂದುಗಳು: ರೇಷ್ಮೆ, ಹಾಲು ಎಂಬ ಮಿಲ್ಕ್, ಬಗೆ ಎಂಬ ಅರ್ಥದ ಇಲ್ಕ್, ಮತ್ತು ಕೊಡಬೇಕಾದ ಹಣವನ್ನು ಕೊಡದೆ ಮೋಸದಿಂದ ತಪ್ಪಿಸಿಕೊಳ್ಳುವುದು ಎಂಬ ಅರ್ಥದ ಬಿಲ್ಕ್. ಉದ್ರಿ ವಸೂಲಿ ಮಾಡುವ ನನಗೆ ಆ ಕೊನೆಯ ಪದ ಬೇಕಾಗಿಯೇ ಇತ್ತು.

ಇದೇ ತಿಂಗಳು ಒಂದು ದೊಡ್ಡ ತಪ್ಪು ನಡೆಯಿತು. ಬೆಣ್ಣೆ ಎಂಬ ಬಟರ್, ಕಹಿ ಎಂಬ ಬಿಟರ್, ಮೇಲು ಎಂಬ ಬೆಟರ್, ಪತ್ರ ಎಂಬ ಲೆಟರ್ ಈ ನಾಲ್ಕನ್ನೂ ಒಂದೇ ಖಾತೆಗೆ ಹಾಕಿ, ಎಷ್ಟು ಚೆನ್ನಾಗಿ ಹೊಂದುತ್ತವೆ ಎಂದು ಸಂತೋಷಪಟ್ಟಿದ್ದೆ. ಹುಡುಗಿ ಬಂದು, “ಕಾಕಾ, ಬೆಟರ್ ಲೆಟರ್ ಕೂಡತಾವ್ರಿ, ಬಟರ್ ಹೆಂಗ್ ಕೂಡತೈತ್ರಿ?” ಎಂದಳು. ನಮ್ಮ ನಿಯಮದ ಪ್ರಕಾರ ಒತ್ತು ಬೀಳುವ ಸ್ವರವೇ ಬೇರೆ. ಬಟರ್ ಹೋಗಬೇಕಾದದ್ದು ಚರಂಡಿ ಎಂಬ ಅರ್ಥದ ಗಟರ್ ಮತ್ತು ಗೊಣಗು ಎಂಬ ಅರ್ಥದ ಮಟರ್ ಬಳಿಗೆ. ನಿಯಮ ಬರೆದವನು ನಾನೇ, ಮೀರಿದವನೂ ನಾನೇ. ಲೆಕ್ಕದ ಪುಸ್ತಕದಲ್ಲಿ ತಿದ್ದಿ ಬರೆಯುವಂತಿಲ್ಲವಾದ್ದರಿಂದ ಕೆಂಪು ಶಾಯಿಯ ಒಂದು ಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಿ, ಸರಿಯಾದ ಖಾತೆಗೆ ವರ್ಗಾಯಿಸಿದೆ. ಆದರೆ ನನ್ನ ಕಿವಿಗೆ ಅವು ಕೂಡಿದಂತೆ ಕೇಳಿಸಿದ್ದೇಕೆ ಎಂಬುದು ಮಾತ್ರ ಬಗೆಹರಿಯಲಿಲ್ಲ.

ಮಾರ್ಚ್, ಏಪ್ರಿಲ್

ಕನ್ನಡ ಲಿಪಿ ಉಪಕಾರ ಮಾಡಿದ ಹಾಗೆಯೇ ಕೈಕೊಟ್ಟದ್ದೂ ಇದೆ. ಅಕ್ಕಿ ಎಂಬ ಅರ್ಥದ ರೈಸ್ ಮತ್ತು ಮೇಲೇಳು ಎಂಬ ಅರ್ಥದ ರೈಸ್ ಎರಡನ್ನೂ ನಾವು ಒಂದೇ ಸ ಕಾರದಿಂದ ಬರೆಯುತ್ತೇವೆ, ಹಾಗೆಯೇ ಆಡುತ್ತೇವೆ. ಇಂಗ್ಲಿಷಿನಲ್ಲಿ ಮೊದಲನೆಯದು ಸ, ಎರಡನೆಯದು ನಾದವುಳ್ಳ ಜ಼. ಹೀಗಾಗಿ ಐಸ್, ನೈಸ್, ಬೆಲೆ ಎಂಬ ಪ್ರೈಸ್ ಒಂದು ಕಡೆ. ವೈಜ಼್ ಎಂಬ ಜಾಣ, ಐಜ಼್ ಎಂಬ ಕಣ್ಣುಗಳು, ಬಹುಮಾನ ಎಂಬ ಪ್ರೈಜ಼್ ಇನ್ನೊಂದು ಕಡೆ ಇರಬೇಕಾಗಿತ್ತು. ಸುಮಾರು 30 ನಮೂದುಗಳನ್ನು ಒಡೆದು ಎರಡು ಮಾಡಬೇಕಾಯಿತು. ಜ ಕಾರದ ಕೆಳಗೆ ಚುಕ್ಕೆ ಇಡುವ ರೂಢಿಯನ್ನು ಆಗಿನಿಂದ ಕಡ್ಡಾಯ ಮಾಡಿಕೊಂಡಿದ್ದೇನೆ. ಉರ್ದು ಮನೆಮಾತಿನ ಗಿರಾಕಿಯೊಬ್ಬರು ಎರಡೂ ಪದಗಳನ್ನು ಬೇರೆ ಬೇರೆಯಾಗಿ ಅಂದು ತೋರಿಸಿದಾಗ ನನ್ನ ಕಿವಿ ತೆರೆಯಿತು. ಜ಼ಮೀನು ಎನ್ನುವ ನಾಲಗೆಗೆ ಇದು ಕಷ್ಟವೇ ಅಲ್ಲ.

ಒಡೆಯುವಾಗ ಒಂದು ಕ್ರಮ ಕಂಡಿತು. ಸಡಿಲ ಎಂಬ ಲೂಸ್ ಗೂಸ್ ಮತ್ತು ಜ್ಯೂಸ್ ಜೊತೆ ಇದ್ದರೆ, ಕಳೆದುಕೊಳ್ಳು ಎಂಬ ಲೂಜ಼್ ಶೂಜ಼್ ಮತ್ತು ನ್ಯೂಜ಼್ ಜೊತೆ ಇರುತ್ತದೆ. ಹತ್ತಿರ ಎಂಬ ಕ್ಲೋಸ್ ಡೋಸ್ ಜೊತೆಗೆ, ಮುಚ್ಚು ಎಂಬ ಕ್ಲೋಜ಼್ ಮೂಗು ಎಂಬ ನೋಜ಼್ ಜೊತೆಗೆ. ಇವೆರಡಕ್ಕೂ ಸ್ಪೆಲ್ಲಿಂಗ್ ಒಂದೇ. ಉಪಯೋಗ ಎಂಬ ನಾಮಪದ ಯೂಸ್, ಉಪಯೋಗಿಸು ಎಂಬ ಕ್ರಿಯಾಪದ ಯೂಜ಼್. ಸಲಹೆ ಅಡ್ವೈಸ್, ಸಲಹೆ ಕೊಡು ಅಡ್ವೈಜ಼್. ಇಂಥ ಜೋಡಿಗಳಲ್ಲಿ ಕ್ರಿಯಾಪದವೇ ನಾದವನ್ನು ಹೊರುತ್ತದೆ ಎಂಬುದು ತಿಳಿದ ಮೇಲೆ ವಿಂಗಡಣೆ ಬೇಗ ಮುಗಿಯಿತು.

ಎರಡನೆಯ ತೊಡಕು ಆ ಕಾರದ್ದು. ನೂಲು ಎಂಬ ಯಾರ್ನ್‌ಗೆ ಧಾನ್ಯ ಕೂಡಿಡುವ ಕೊಟ್ಟಿಗೆ ಎಂಬ ಬಾರ್ನ್ ಕೂಡುತ್ತದೆ, ಹರಿದ ಬಟ್ಟೆಯನ್ನು ನೂಲಿನಿಂದ ಹೆಣೆದು ಮುಚ್ಚುವ ಡಾರ್ನ್ ಕೂಡುತ್ತದೆ. ಹುಟ್ಟಿದ ಎಂಬ ಅರ್ಥದ ಬಾರ್ನ್ ಕೂಡುವುದಿಲ್ಲ. ಅದು ಹಾರ್ನ್, ಕಾರ್ನ್, ಎಚ್ಚರಿಸು ಎಂಬ ವಾರ್ನ್‌ಗಳ ಕಡೆಯದು. ನಮ್ಮ ಬರಹದಲ್ಲಿ ಎರಡು ಬಾರ್ನ್‌ಗಳಿಗೂ ಒಂದೇ ರೂಪ. ಮರಾಠಿಯವರು ಇಂಥ ಇಂಗ್ಲಿಷ್ ಸ್ವರಕ್ಕೆ ನೆತ್ತಿಯ ಮೇಲೆ ಅರ್ಧಚಂದ್ರ ಇಡುವ ರೂಢಿ ಮಾಡಿಕೊಂಡಿದ್ದಾರೆ. ನಾನು ನನ್ನ ಪುಸ್ತಕದ ಮಟ್ಟಿಗೆ ಪೆನ್ಸಿಲಿನಿಂದ ಅದನ್ನೇ ಇಟ್ಟುಕೊಂಡಿದ್ದೇನೆ. ಕನ್ನಡದ ಅಕ್ಷರದ ಮೇಲೆ ಅದು ಸ್ವಲ್ಪ ವಿಚಿತ್ರವಾಗಿಯೇ ಕಾಣುತ್ತದೆ.

ಪರಿಶೀಲನೆಗೆಂದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಉಚಿತವಾಗಿ ಕೊಟ್ಟಿರುವ ಉಚ್ಚಾರಣ ಕೋಶವನ್ನು ಹುಡುಗಿ ಕಂಪ್ಯೂಟರಿಗೆ ಇಳಿಸಿಕೊಂಡಳು. 1,30,000ಕ್ಕೂ ಹೆಚ್ಚು ಪದಗಳನ್ನು 39 ಧ್ವನಿಗಳಾಗಿ ಒಡೆದು, ಪ್ರತಿ ಸ್ವರಕ್ಕೂ ಒತ್ತಿನ ಅಂಕಿಯನ್ನು ಕೊಟ್ಟಿರುವ ಅದು ನಮ್ಮ ನಿಯಮಕ್ಕೆ ಹೇಳಿ ಮಾಡಿಸಿದಂತಿದೆ. ಅದರಲ್ಲಿರುವುದು ಅಮೆರಿಕದ ಉಚ್ಚಾರ ಎಂಬುದನ್ನು ಮಾತ್ರ ಮರೆಯುವಂತಿಲ್ಲ. ನ್ಯಾಯಾಲಯ ಎಂಬ ಕೋರ್ಟ್ ಮತ್ತು ಹಿಡಿದ ಎಂಬ ಕಾಟ್ ದಕ್ಷಿಣ ಇಂಗ್ಲೆಂಡಿನ ಬಾಯಲ್ಲಿ ರ ಕಾರ ಬಿದ್ದುಹೋಗುವುದರಿಂದ ಒಂದೇ ಆಗಿ ಕೇಳುತ್ತವೆ. ಅಮೆರಿಕದವರಲ್ಲಿ ಬಹುಪಾಲು ಜನ ರ ಕಾರವನ್ನು ಉಳಿಸಿಕೊಂಡಿರುವುದರಿಂದ ಅಲ್ಲಿ ಬೇರೆ. ನಾವು ರ ಕಾರವನ್ನು ಗಟ್ಟಿಯಾಗಿ ಅನ್ನುವವರು. ಆ ಮಟ್ಟಿಗೆ ಅಮೆರಿಕದ ಕೋಶವೇ ನಮಗೆ ಹತ್ತಿರ.

ಮೇ

ಬೇಸಿಗೆ ರಜೆಯಲ್ಲಿ ಅಣ್ಣನ ಮನೆಯವರೊಂದಿಗೆ ಬಾದಾಮಿಗೆ ಹೋಗಿದ್ದೆವು. ಕಪ್ಪೆ ಅರಭಟ್ಟನ ಶಾಸನದ ಎದುರು ನಿಂತು, ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ತ್ರಿಪದಿಯನ್ನು ಹುಡುಗಿಗೆ ಹೇಳುವಾಗ ಫೆಬ್ರುವರಿಯ ತಪ್ಪು ತಟ್ಟನೆ ಬಗೆಹರಿಯಿತು. ಸುಮಾರು ಕ್ರಿ.ಶ. 700ರದೆಂದು ಹೇಳಲಾಗುವ ಆ ತ್ರಿಪದಿಯ ಮೂರು ಸಾಲುಗಳು ಸಾಧುಗೆ, ಬಾಧಿಪ್ಪ, ಮಾಧವ ಎಂದು ಆರಂಭವಾಗುತ್ತವೆ. ಮೂರರಲ್ಲೂ ಎರಡನೆಯ ಅಕ್ಷರದ ವ್ಯಂಜನ ಧ; ಅದರ ಮೇಲೆ ಉ, ಇ, ಅ ಎಂದು ಸ್ವರ ಬದಲಾದರೂ ಪ್ರಾಸ ಕೆಡುವುದಿಲ್ಲ. ನಮ್ಮ ಆದಿಪ್ರಾಸ ಕೇಳುವುದು ಎರಡನೆಯ ವ್ಯಂಜನವನ್ನು, ಮತ್ತು ಅದರ ಹಿಂದಿನ ಸ್ವರ ಹ್ರಸ್ವವೋ ದೀರ್ಘವೋ ಎಂಬುದನ್ನು. ಹ್ರಸ್ವವಾದರೆ ಸಿಂಹಪ್ರಾಸ, ದೀರ್ಘವಾದರೆ ಗಜಪ್ರಾಸ. ಬಿಂದು, ವಿಸರ್ಗ, ಒತ್ತಕ್ಷರಗಳಿಗೆ ವೃಷಭ, ಅಜ, ಶರಭ, ಹಯ ಎಂಬ ಬೇರೆ ಹೆಸರುಗಳಿವೆ.

ಬಟರ್, ಬಿಟರ್, ಬೆಟರ್, ಲೆಟರ್ ನಾಲ್ಕರಲ್ಲೂ ಹ್ರಸ್ವಸ್ವರದ ನಂತರ ಟ. ಕನ್ನಡದ ಲೆಕ್ಕದಲ್ಲಿ ಅವು ನಿರ್ದೋಷವಾದ ಸಿಂಹಪ್ರಾಸ! ನಾನು ಪದಗಳನ್ನು ಇಂಗ್ಲಿಷಿನಿಂದ ತಂದು ಕನ್ನಡದ ತಕ್ಕಡಿಯಲ್ಲಿ ತೂಗಿದ್ದೆ.

ಊಟಕ್ಕೆ ಕುಳಿತಾಗ ಅತ್ತಿಗೆ, “ರೊಟ್ಟಿ ಗಿಟ್ಟಿ ಇನ್ನೊಂದು ಬೇಕೇನ್ರಿ?” ಎಂದು ಕೇಳಿದರು. ಪುಸ್ತಕ ಗಿಸ್ತಕ, ರೊಟ್ಟಿ ಗಿಟ್ಟಿ, ನೂಲು ಗೀಲು: ಮೊದಲ ಅಕ್ಷರ ಹ್ರಸ್ವವಾದರೆ ಗಿ, ದೀರ್ಘವಾದರೆ ಗೀ, ಎರಡನೆಯ ಅಕ್ಷರದಿಂದ ಮುಂದೆ ಏನೂ ಕದಲುವುದಿಲ್ಲ. ಛಂದಸ್ಸಿನ ಹೆಸರನ್ನೇ ಕೇಳದ ಬಾಯಿಗಳೂ ಹ್ರಸ್ವ, ದೀರ್ಘಗಳನ್ನು ದಿನಕ್ಕೆ ಹತ್ತು ಸಲ ಸರಿಯಾಗಿ ಬೇರ್ಪಡಿಸುತ್ತಿವೆ. ಇಂಗ್ಲಿಷಿನಲ್ಲಿಯೂ ಇಂಥ ಜೋಡಿಗಳಿವೆ. ವಾಕಿ-ಟಾಕಿ ನಮಗೆ ಗೊತ್ತಿರುವುದೇ; ಜಾದೂಗಾರನ ಮಂತ್ರವಾದ ಹೋಕಸ್-ಪೋಕಸ್, ದಿಕ್ಕುಗೆಟ್ಟ ಗಡಿಬಿಡಿ ಎಂಬ ಹೆಲ್ಟರ್-ಸ್ಕೆಲ್ಟರ್, ಬೇಕಿರಲಿ ಬೇಡದಿರಲಿ ಎಂಬ ವಿಲ್ಲಿ-ನಿಲ್ಲಿ ಇವುಗಳನ್ನು ಹೊಸದಾಗಿ ಸೇರಿಸಿದೆ. ಅಲ್ಲಿ ಮೊದಲ ಸ್ವರವೂ ಉಳಿದು ವ್ಯಂಜನ ಮಾತ್ರ ಬದಲಾಗುತ್ತದೆ. ನಮ್ಮಲ್ಲಿ ವ್ಯಂಜನದ ಜೊತೆಗೆ ಸ್ವರವೂ ಗಿ ಕಾರಕ್ಕೆ ಜಾಗ ಬಿಡುತ್ತದೆ. ಈ ವ್ಯತ್ಯಾಸವನ್ನು ತೋರಿಸಲು ಖತಾವಣಿಯ ಹಿಂದಿನ ಪುಟಗಳಲ್ಲಿ ಕನ್ನಡದ ಕಿವಿಗೆ ಮಾತ್ರ ಕೂಡುವ ಇಂಗ್ಲಿಷ್ ಪದಗಳಿಗಾಗಿ ಪ್ರತ್ಯೇಕ ಖಾತೆ ತೆರೆದಿದ್ದೇನೆ. ಬಟರ್-ಲೆಟರ್ ಅಲ್ಲಿಗೆ ಮರಳಿ ಬಂದಿವೆ. ಮೀಟರ್-ಕಾಟನ್ ಗಜಪ್ರಾಸದ ಸಾಲಿನಲ್ಲಿ ಕುಳಿತಿವೆ.

ಜೂನ್

ಮಳೆ ಹಿಡಿದು ಗಿರಾಕಿಗಳು ಕಡಿಮೆಯಾದ್ದರಿಂದ ಒಂಟಿ ಖಾತೆಗಳನ್ನು ನೋಡಿದೆ. ತಿಂಗಳು ಎಂಬ ಅರ್ಥದ ಮಂತ್‌ಗೆ ಜೊತೆಯೇ ಸಿಗಲಿಲ್ಲ. ಅದರ ಪುಟ ಖಾಲಿ. ಆರೆಂಜ್‌ಗೆ ವೇಲ್ಸ್ ದೇಶದ ಬ್ಲೋರೆಂಜ್ ಎಂಬ ಗುಡ್ಡದ ಹೆಸರೊಂದು ಕೂಡುತ್ತದೆ, ಆದರೆ ಊರಿನ ಹೆಸರು, ಗುಡ್ಡದ ಹೆಸರುಗಳನ್ನು ಸೇರಿಸಬಾರದೆಂದು ನಿಯಮವಿರುವುದರಿಂದ ಬಿಟ್ಟೆ. ಸಿಲ್ವರ್‌ಗೂ ಜೊತೆಯಿಲ್ಲವೆಂದು ಬಹಳ ಜನ ಹೇಳುತ್ತಾರೆ. ಹೆಣ್ಣು ಕುರಿಮರಿಗೆ ಚಿಲ್ವರ್ ಎಂಬ ಅಪರೂಪದ ಪದವೊಂದು ಇಂಗ್ಲಿಷಿನಲ್ಲಿದೆ. ಕುರಿ ಸಾಕುವವರ ಸೀಮೆಯಲ್ಲಿದ್ದುಕೊಂಡು ಅದನ್ನು ಬಿಡಲು ಮನಸ್ಸಾಗದೆ ಸೇರಿಸಿಕೊಂಡೆ.

ಉಳಿದದ್ದು ಹಾಸು ಎಂಬ ಅರ್ಥದ ವಾರ್ಪ್. ಹೊಕ್ಕಿಗೆ ಫೆಬ್ರುವರಿಯಲ್ಲೇ ಎರಡು ಜೊತೆ ಸಿಕ್ಕಿದ್ದವು. ಹಾಸಿನ ಪುಟದಲ್ಲಿ ಮಾತ್ರ ನಾಲ್ಕು ತಿಂಗಳು ಒಂದೇ ನಮೂದಿತ್ತು. ಹರಿತ ಎಂಬ ಶಾರ್ಪ್ ಬರಹದಲ್ಲಿ ಹೊಂದುವಂತೆ ಕಂಡರೂ ಸ್ವರ ಬೇರೆ. ಕೊನೆಗೆ ಮೊನ್ನೆ ನಿಘಂಟಿನಲ್ಲಿ ಥಾರ್ಪ್ ಎಂಬ ಹಳೆಯ ಪದ ಸಿಕ್ಕಿತು. ಚಿಕ್ಕ ಹಳ್ಳಿ ಎಂದು ಅರ್ಥ. ಉಚ್ಚಾರ ಕೇಳಿ ಖಚಿತಪಡಿಸಿಕೊಂಡು, ಪೆನ್ಸಿಲಿನ ಅರ್ಧಚಂದ್ರವಿಟ್ಟು, ಜೂನ್ 28ರ ರಾತ್ರಿ ಕಿರ್ದಿಯಿಂದ ಖತಾವಣಿಗೆ ಏರಿಸಿದೆ.