ಒಂದೇ ಗಾಳಿ, ಎರಡು ಊರು: ಆಗುಂಬೆಯಿಂದ ಚಳ್ಳಕೆರೆಗೆ

ಜುಲೈನಲ್ಲಿ ಆಗುಂಬೆಯಲ್ಲಿ ಮೂರು ದಿನ ಇದ್ದೆ. ಮೂರು ದಿನವೂ ನನ್ನ ಅಂಗಿ ಒಣಗಲಿಲ್ಲ. ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಮನೆಯವರ ಬಟ್ಟೆಗಳ ಜೊತೆ ಅದೂ ನೇತಾಡುತ್ತಿತ್ತು. ಹೊರಡುವ ದಿನ ತೆಗೆದು ನೋಡಿದರೆ ಹೊಗೆ ವಾಸನೆ ಹಿಡಿದಿತ್ತು, ಕಂಕುಳ ಹೊಲಿಗೆಯಲ್ಲಿ ಇನ್ನೂ ತಂಪು. ಹಾಗೇ ಚೀಲಕ್ಕೆ ತುರುಕಿಕೊಂಡು ಬಸ್ಸು ಹತ್ತಿದೆ. ಮರುದಿನ ಬೆಳಿಗ್ಗೆ ಚಳ್ಳಕೆರೆಯ ಲಾಡ್ಜಿನ ತಾರಸಿಯಲ್ಲಿ ಅದೇ ಅಂಗಿ ಹರವಿ, ಕೆಳಗಿಳಿದು ಟೀ ಕುಡಿದು ಬಂದೆ. ಹಪ್ಪಳದ ಹಾಗೆ ಒಣಗಿತ್ತು!

ಎರಡೂ ಊರಿಗೆ ಒಂದೇ ಪ್ರವಾಸದಲ್ಲಿ ಹೋಗಬೇಕು ಅಂತ ಹಟ ಹಿಡಿದಿದ್ದಕ್ಕೆ ಕಾರಣ ಇದೆ. 2011ರ ಜನಗಣತಿ ನೋಡುತ್ತಿದ್ದಾಗ ಶಿವಮೊಗ್ಗ ಮತ್ತು ಚಿತ್ರದುರ್ಗ ಜಿಲ್ಲೆಗಳ ಲೆಕ್ಕ ಕಣ್ಣಿಗೆ ಬಿತ್ತು. ಶಿವಮೊಗ್ಗದಲ್ಲಿ ಸುಮಾರು 17.5 ಲಕ್ಷ ಜನ, ಚಿತ್ರದುರ್ಗದಲ್ಲಿ 16.6 ಲಕ್ಷ. ವಿಸ್ತೀರ್ಣವೂ ಹೆಚ್ಚೂಕಮ್ಮಿ ಒಂದೇ, ಎರಡೂ 8,400 ಚದರ ಕಿಲೋಮೀಟರಿಗೆ ಸ್ವಲ್ಪ ಮೇಲೆ. ಅಂದರೆ ಅಲ್ಲೂ ಇಲ್ಲೂ ಒಂದು ಚದರ ಕಿಲೋಮೀಟರಿಗೆ 200ರ ಆಸುಪಾಸು ಜನ. ಕಾಗದದ ಮೇಲೆ ಅವಳಿ ಜವಳಿ ಜಿಲ್ಲೆಗಳು. ಆದರೆ ಒಂದರ ಪಡುವಣ ಅಂಚಿನಲ್ಲಿ ಆಗುಂಬೆ ಇದೆ, ಇನ್ನೊಂದರ ಮೂಡಣದಲ್ಲಿ ಚಳ್ಳಕೆರೆ. ಇವು ಒಂದೇ ಥರ ಇರೋಕೆ ಸಾಧ್ಯವೇ ಇಲ್ಲ ಅಲ್ವಾ?

ನಾನು ಬೆಂಗಳೂರಿನವನು. ನಮ್ಮೂರಲ್ಲಿ ವರ್ಷಕ್ಕೆ ಬೀಳುವ ಮಳೆ ಒಂದು ಮೀಟರಿನಷ್ಟೂ ಇಲ್ಲ. ಅಷ್ಟಕ್ಕೇ ರಸ್ತೆಗಳು ಕೆರೆಯಾಗುತ್ತವೆ. ಆಗುಂಬೆಯ ಸರಾಸರಿ ಏಳೂವರೆ ಮೀಟರಿಗಿಂತ ಜಾಸ್ತಿ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಅಲ್ಲಿ 4,508 ಮಿಲಿಮೀಟರ್ ಸುರಿದಿತ್ತು. ಚಳ್ಳಕೆರೆಯಲ್ಲಿ ಇಡೀ ವರ್ಷಕ್ಕೆ 500 ಮಿಲಿಮೀಟರ್ ದಾಟಿದರೆ ಅದು ಒಳ್ಳೆಯ ವರ್ಷ. ಅಂದರೆ ಇವರ ಒಂಬತ್ತು ವರ್ಷದ ಮಳೆ ಅಲ್ಲಿ ಒಂದೇ ತಿಂಗಳಲ್ಲಿ!

ನಾನು ಉಳಿದಿದ್ದ ಮನೆಗೆ ಹೋಗಲು ಪೇಟೆಯಿಂದ ಒಂದೂವರೆ ಕಿಲೋಮೀಟರ್ ನಡೆಯಬೇಕು. ಆಗುಂಬೆ ಪೇಟೆ ಅಂದರೆ ಐದು ನಿಮಿಷದಲ್ಲಿ ನಡೆದು ಮುಗಿಸಬಹುದು. ಆಮೇಲೆ ಗದ್ದೆ, ತೋಟ, ಕಾಡು. ಮಧ್ಯೆ ಎಲ್ಲೋ ಒಂದು ಹೆಂಚಿನ ಮನೆ, ಅದರಾಚೆ ಕೂಗಿದರೂ ಕೇಳಿಸದಷ್ಟು ದೂರದಲ್ಲಿ ಇನ್ನೊಂದು. ಜಗಲಿಗೆ ಎರಚಲು ಹೊಡೆಯದ ಹಾಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿದ್ದರು. ಹಗಲಲ್ಲೂ ಒಳಗೆ ದೀಪ ಬೇಕು. ಆ ಮನೆಯ ಅಜ್ಜ ಬೆಳಿಗ್ಗೆ ಗದ್ದೆಯ ಕಡೆ ಹೊರಟಾಗ ತಲೆಯಿಂದ ಬೆನ್ನಿನವರೆಗೆ ಕಪ್ಪು ಕಂಬಳಿ ಕೊಪ್ಪೆ ಹಾಕಿಕೊಂಡಿದ್ದರು. ಕೊಡೆ ಬೇಡವೇ ಅಂದೆ.

"ಕೊಡೆ ಹಿಡ್ಕೊಂಡು ನೆಟ್ಟಿ ಮಾಡಕ್ಕೆ ಆಗ್ತದಾ ಮಾರಾಯ್ರೆ? ಇದು ಚಳ್ಳಕೆರೆ ಕಂಬಳಿ. ನೆನೆದ್ರೂ ಬೆಚ್ಚಗಿರ್ತದೆ."

ನಾನು ಮುಂದೆ ಹೋಗಬೇಕಿದ್ದ ಊರಿನ ಹೆಸರು ಅವರ ಬಾಯಲ್ಲಿ ಬಂದದ್ದು ಕೇಳಿ ಮೈ ಜುಮ್ಮೆಂದಿತು. ಕಂಬಳಿ ಮುಟ್ಟಿ ನೋಡಿದೆ. ಒರಟು, ಭಾರ, ಕುರಿ ವಾಸನೆ. ಮೇಲೆ ಮಳೆ ಹನಿಗಳು ಒಳಗಿಳಿಯದೆ ಮಣಿಗಳ ಹಾಗೆ ಕೂತಿದ್ದವು.

ಸಂಜೆ ಸೂರ್ಯಾಸ್ತದ ಜಾಗಕ್ಕೆ ಹೋದೆ. ಸೂರ್ಯನೂ ಇಲ್ಲ, ಅಸ್ತವೂ ಇಲ್ಲ, ಬರೀ ಬಿಳಿ ಮೋಡ. ಆದರೂ ಅಲ್ಲಿ ನಿಂತರೆ ಆಗುಂಬೆಗೆ ಯಾಕಿಷ್ಟು ಮಳೆ ಅನ್ನೋದು ಮೈಗೇ ತಿಳಿಯುತ್ತೆ. ಕಾಲ ಬುಡದಲ್ಲೇ ಘಟ್ಟ ಕಡಿದುಹೋಗುತ್ತದೆ. ಸಮುದ್ರ ಅಲ್ಲಿಂದ ಬರೀ 50 ಕಿಲೋಮೀಟರ್ ಆಸುಪಾಸು. ಅರಬ್ಬಿ ಸಮುದ್ರದ ನೀರು ಹೊತ್ತ ಗಾಳಿ ಬಂದು ಈ ಗೋಡೆಗೆ ಬಡಿದು ಮೇಲೇರುತ್ತದೆ, ಮೇಲೇರಿದಂತೆ ತಣ್ಣಗಾಗುತ್ತದೆ, ಹೊತ್ತ ಭಾರ ಅಲ್ಲೇ ಇಳಿಸುತ್ತದೆ. ಮೋಡ ಕೆಳಗಿನಿಂದ ಮೇಲಕ್ಕೆ ಬಂದು ನನ್ನ ಮುಖಕ್ಕೇ ತಾಗಿತು. ಈಚೀಚೆಗೆ ಹೊಸನಗರ ತಾಲ್ಲೂಕಿನ ಹುಲಿಕಲ್ ಮಳೆಯಲ್ಲಿ ಆಗುಂಬೆಯನ್ನು ಎಷ್ಟೋ ಸಲ ಹಿಂದೆ ಹಾಕಿದೆ. ಅದೂ ಘಟ್ಟದ ಅಂಚಿನ ಊರೇ.

ನಾಲ್ಕನೇ ದಿನ ಹೊರಟೆ. ತೀರ್ಥಹಳ್ಳಿಯಲ್ಲಿ ತುಂಗೆ ಕೆಂಪಾಗಿ ಉಕ್ಕುತ್ತಿದ್ದಳು. ಶಿವಮೊಗ್ಗಕ್ಕೆ ಬರುವಷ್ಟರಲ್ಲಿ ಜಡಿಮಳೆ ತುಂತುರಾಯಿತು. ಹೊಳೆಹೊನ್ನೂರು ದಾಟಿದ ಮೇಲೆ ಬಸ್ಸಿನ ಕಿಟಕಿ ತೆಗೆದರು. ಹೊಳಲ್ಕೆರೆ ಹತ್ತಿರ ನೆಲದ ಬಣ್ಣ ಬದಲಾಯಿತು. ಇಡೀ ದಾರಿ ಇನ್ನೂರು ಚಿಲ್ಲರೆ ಕಿಲೋಮೀಟರ್ ಅಷ್ಟೇ. ಎತ್ತರದಲ್ಲೂ ಅಂಥ ವ್ಯತ್ಯಾಸ ಇಲ್ಲ, ಎರಡೂ ಊರು ಸಮುದ್ರ ಮಟ್ಟದಿಂದ 600 ಮೀಟರ್ ಆಸುಪಾಸಿನಲ್ಲೇ ಇವೆ.

ಚಿತ್ರದುರ್ಗದ ಬೆಟ್ಟಸಾಲು ಕಂಡಾಗ ಎದ್ದು ಕೂತೆ. ಸಾಲಿಗೆ ಸಾಲೇ ಗಾಳಿಯಂತ್ರಗಳು, ಜೋರಾಗಿ ತಿರುಗುತ್ತಿವೆ. ಆಗುಂಬೆಯಲ್ಲಿ ನನ್ನ ಮುಖಕ್ಕೆ ತಾಗಿದ್ದ ಗಾಳಿಯೇ ಅದು. ನೀರೆಲ್ಲ ಘಟ್ಟದಲ್ಲೇ ಇಳಿಸಿ, ಇತ್ತ ಇಳಿಯುತ್ತಾ ಬಿಸಿಯಾಗಿ, ಒಣಗಿ ಬಂದಿದೆ. ಭೂಗೋಳದ ಪಾಠದಲ್ಲಿ ಮಳೆ ನೆರಳು ಅಂತ ಓದಿದ್ದೆ. ಆ ನೆರಳಲ್ಲಿ ಇಷ್ಟೊಂದು ಬಿಸಿಲಿರುತ್ತೆ ಅಂತ ಆ ದಿನವೇ ನೋಡಿದ್ದು.

ಚಳ್ಳಕೆರೆ ದೊಡ್ಡ ಊರು. 2011ರಲ್ಲೇ ಪಟ್ಟಣದಲ್ಲಿ 55 ಸಾವಿರ ಜನ ಇದ್ದರು. ಆಗುಂಬೆಯ ತಾಲ್ಲೂಕು ಕೇಂದ್ರ ತೀರ್ಥಹಳ್ಳಿಯಲ್ಲಿ ಸುಮಾರು 15 ಸಾವಿರ. ಮಳೆ ಕಮ್ಮಿ ಇರುವ ಕಡೆ ಪೇಟೆ ದೊಡ್ಡದು! ಇದು ನನಗೆ ಮೊದಲು ವಿಚಿತ್ರ ಅನ್ನಿಸಿತು. ಸುತ್ತಲ ಹಳ್ಳಿಗಳನ್ನು ನೋಡಿದ ಮೇಲೆ ಸ್ವಲ್ಪ ಅರ್ಥವಾಯಿತು. ಮಲೆನಾಡಿನಲ್ಲಿ ಎಲ್ಲಿ ತೋಡಿದರೂ ನೀರು. ಹಾಗಾಗಿ ಯಾರ ಗದ್ದೆ ಎಲ್ಲಿದೆಯೋ ಅಲ್ಲೇ ಅವರ ಮನೆ. ಇಲ್ಲಿ ನೀರು ಒಂದು ಕಡೆ ಮಾತ್ರ, ಒಂದು ಕೆರೆ ಇಲ್ಲವೇ ಒಂದು ಬಾವಿ. ಹಾಗಾಗಿ ಮನೆಗಳೆಲ್ಲ ಅದರ ಸುತ್ತ ಗೋಡೆಗೆ ಗೋಡೆ ಅಂಟಿಸಿಕೊಂಡು ಕೂತಿವೆ. ಹೊಲ ಎಷ್ಟು ದೂರ ಇದ್ದರೂ ನಡೆದೇ ಹೋಗಬೇಕು. ಚದರ ಕಿಲೋಮೀಟರಿಗೆ ಇನ್ನೂರು ಅನ್ನುವ ಲೆಕ್ಕ ಎರಡೂ ಕಡೆ ಸರಿಯೇ. ಆದರೆ ಆ ಇನ್ನೂರು ಜನ ಹೇಗೆ ಕೂತಿದ್ದಾರೆ ಅನ್ನೋದನ್ನು ಲೆಕ್ಕ ಹೇಳುವುದಿಲ್ಲ. ಅಲ್ಲಿನ ಅಜ್ಜನಿಗೆ ಪಕ್ಕದ ಮನೆಯ ದೀಪ ಕಾಣುವುದಿಲ್ಲ. ಇಲ್ಲಿ ಪಕ್ಕದ ಮನೆಯ ಒಗ್ಗರಣೆ ಚಟಪಟ ಅನ್ನೋದೂ ಕೇಳಿಸುತ್ತೆ.

ಶೇಂಗಾ ಬಿತ್ತನೆಯ ಕಾಲ. ಎಣ್ಣೆ ಗಿರಣಿಗಳಿಂದ ಹೆಸರು ಮಾಡಿದ ಊರಿದು, ಇಲ್ಲಿನ ಬದುಕೇ ಶೇಂಗಾ. ಹೋಟೆಲಲ್ಲಿ ಮುದ್ದೆ ಉಣ್ಣುತ್ತಿದ್ದ ರೈತರೊಬ್ಬರನ್ನು ಮಳೆ ಹೇಗೆ ಅಂತ ಕೇಳಿದೆ. "ಮೋಡ ಬರ್ತಾವೆ ಸಾ, ಹಂಗೇ ಹೋಗ್ತಾವೆ," ಅಂದರು. ವಾಣಿ ವಿಲಾಸ ಸಾಗರದ ಮಾತು ಬಂದಾಗ ಮಾತ್ರ ಅವರ ಮುಖ ಅರಳಿತು. ಹಿರಿಯೂರಿನ ಆ ಜಲಾಶಯ ಕಟ್ಟಿ ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ನೋಡಲು ಹೋಗಿದ್ದರಂತೆ. ಭದ್ರಾ ಮೇಲ್ದಂಡೆ ಯೋಜನೆಯ ನೀರು ಪೂರ್ತಿಯಾಗಿ ಬರಲಿ ಅಂತ ಈ ಸೀಮೆಯ ಜನ ಎಷ್ಟು ವರ್ಷದಿಂದ ಕಾಯುತ್ತಿದ್ದಾರೆ! ಆಗುಂಬೆಯಿಂದ ನೇರವಾಗಿ ಇಲ್ಲಿಗೆ ಬಂದವನಿಗೆ ಆ ಕಾಯುವಿಕೆ ನೋಡಿ ಹೊಟ್ಟೆ ಚುರ್ ಅನ್ನುತ್ತೆ.

ಕೊನೆಯ ದಿನ ಕಂಬಳಿ ನೇಯುವ ಮನೆಯೊಂದಕ್ಕೆ ಹೋದೆ. ಅಂಗಳದಲ್ಲಿ ಉದ್ದಕ್ಕೆ ಹಾಸು ಬಿಗಿದಿತ್ತು. ಅಜ್ಜಿಯೊಬ್ಬರು ಹುಣಸೆ ಬೀಜ ರುಬ್ಬಿ ಕುದಿಸಿದ ಗಂಜಿಯನ್ನು ದೊಡ್ಡ ಕುಂಚದಿಂದ ಎಳೆಗಳಿಗೆ ಬಳಿಯುತ್ತಿದ್ದರು. ಇದು ಸರಿಯಾಗಿ ಒಣಗಲು ಒಳ್ಳೆ ಬಿಸಿಲು ಬೇಕು. ಆಗುಂಬೆಯಲ್ಲಿ ಈ ಕೆಲಸ ಆಗುವ ಮಾತೇ ಇಲ್ಲ. ಮಳೆಗೆ ಹೊದೆಯುವ ಬಟ್ಟೆ ಮಳೆಯಿಲ್ಲದ ಊರಲ್ಲೇ ಹುಟ್ಟಬೇಕು.

ನಾನು ಫೋನಿನಲ್ಲಿದ್ದ ಆಗುಂಬೆ ಅಜ್ಜನ ಫೋಟೋ ತೋರಿಸಿದೆ. ಅಜ್ಜಿ ಕಣ್ಣು ಕಿರಿದು ಮಾಡಿಕೊಂಡು ಅಜ್ಜನನ್ನು ಬಿಟ್ಟು ಕಂಬಳಿಯ ಅಂಚನ್ನೇ ನೋಡಿದರು.

"ನಮ್ಮ ಕಡೇದೇ. ಅಲ್ಲಿ ಮಳೆ ಬಾಳ ಐತಾ?"

ಮೂರು ದಿನ ಬಿಡಲೇ ಇಲ್ಲ ಅಜ್ಜಿ, ಅಂದೆ.

"ಅಷ್ಟು ನೀರು ಬಿದ್ದು ಎಲ್ಲಿಗೆ ಹೋಗ್ತೈತಪ್ಪಾ?"

ಘಟ್ಟದ ಕೆಳಗೆ ಬಿದ್ದದ್ದು ಸೀತಾ ನದಿಯಾಗಿ ಸಮುದ್ರಕ್ಕೆ, ಈ ಕಡೆ ಬಿದ್ದದ್ದು ತುಂಗೆಗೆ, ಆಮೇಲೆ ತುಂಗಭದ್ರೆಗೆ ಅಂತ ಹೇಳಿದೆ. ನಿಮ್ಮ ವೇದಾವತಿಯೂ ಬಳ್ಳಾರಿ ಸೀಮೆಯಲ್ಲಿ ಅದಕ್ಕೇ ಸೇರುತ್ತೆ ಅಂದೆ.

"ನಮ್ಮೂರು ದಾಟಿದ ಮ್ಯಾಲೆ ಸೇರ್ತಾವಾ," ಅಂದರು ಅಜ್ಜಿ. ಕುಂಚವನ್ನು ಗಂಜಿಯಲ್ಲಿ ಅದ್ದಿ, ಮತ್ತೆ ಎಳೆಗಳ ಮೇಲೆ ಎಳೆಯತೊಡಗಿದರು.